ಸೈಕಲ್ ಮೋಟಾರ್ ಅಲ್ರೀ, ಮೋಟಾರ್ ಇರೋ ಸೈಕಲ್!

ಹಿಂಥಾವೆಲ್ಲಾ ನನಗ ಯಾಕ ಆಗ್ತಾವೋ ಗೊತ್ತಿಲ್ಲ. ವಾರಕ್ಕೊಮ್ಮಿ, ತಿಂಗಳಿಗೊಮ್ಮಿ ಆದ್ರ ನಡೀತದ ಬಿಡ್ರಿ. ನನಗ ಅಂಗಡಿ ಷಟರ್ ಎತ್ತೂದ ತಡ, ಆಗ್ತಾವ. ಷಟರ್ ಕರ್ರ್ ಅಂತ ಮ್ಯಾಲ ಹೋಗ್ತದ, ನನ್ನ ಮಾನ ಕರ್ರ್ ಅಂತ ಕೆಳಗ ಬರ್ತದ.

ಅಂಗಡಿ ನಮ್ಮ ಸ್ವಾದರಮಾವಂದು, ಶಹಾಪುರದಾಗ. ಸೈಕಲ್ ಅಂಗಡಿ. ಪಂಕ್ಚರ್, ಗಾಳಿ, ಚೈನು, ಸಾಲಿ ಹುಡುಗರ ಸೈಕಲ್, ಅಷ್ಟ ನಡದಿತ್ತು ಆರಾಮ. ನಾ ಐಟಿಐ ಮುಗಿಸಿ ಬಂದು ಕೂತೆ ನೋಡ್ರಿ, ಆರಾಮ ಹೋತು. ಮೊಬೈಲ್‌ದಾಗ ಕರೆಂಟಿನ ಸೈಕಲ್ ನೋಡಿದ್ದೆ. ಯಪ್ಪಾ, ಏನ್ ಚಂದ! ಬೇಕಾದ್ರ ತುಳೀರಿ, ಸುಸ್ತಾದ್ರ ಮೋಟಾರ್ ಕೈ ಹಿಡೀತದ. ಮೊಣಕಾಲು ನೋವಿದ್ದವ್ರಿಗೆ, ಶುಗರ್ ಇದ್ದವ್ರಿಗೆ, ಹೊಟ್ಟಿ ಬಂದವ್ರಿಗೆ, ಸುಮ್ಕ ಸಂಜೀಕ ಒಂದು ಸುತ್ತು ಹೊಡೀಬೇಕು ಅನ್ನೋರಿಗೆ! ಬೈಕಿಗಿಂತ ಎಷ್ಟೋ ಅಗ್ಗ! ಲೈಸನ್ಸ್ ಬ್ಯಾಡ, ಪೆಟ್ರೋಲ್ ಬ್ಯಾಡ! ಮಾಮಾಗ ಉಣ್ಣಾಗ ಹೇಳಿದೆ, ಗಾಳಿ ಹೊಡಿವಾಗ ಹೇಳಿದೆ, ಜಳಕಾ ಮಾಡಾಗ ಬಾಗಿಲ ಹೊರಗ ನಿಂತು ಹೇಳಿದೆ.

ಮಾಮ ಅಂದ, "ಲೇ ಅಳಿಯಾ, ನಮ್ಮೂರಾಗ ಗುಡ್ಡ ಸುದ್ದಾ ಬುದ್ಧನಂಗ ಮಲಕೊಂಡದ. ಇಲ್ಲಿ ಮಂದಿಗೆ ವ್ಯಾಯಾಮ ಹೇಳಾಕ ಹೊಂಟೀಯೇನು?"

ಕಡೀಕ ನನ್ನ ಬಾಯಿ ಮುಚ್ಚಸಾಕರ ಒಂದು ತರಿಸಿದ. ಆದ್ರ ಕರಾರು ಹಾಕಿದ. "ದೀಪಾವಳಿ ತನಕ ಟೈಮ್. ಮಾರಿದ್ಯೋ, ಅಂಗಡಿಯಾಗ ನೀ ಹೇಳಿದಂಗ ನಡೀತದ. ಮಾರಲಿಲ್ಲೋ, ಯಾದಗಿರಿಗೆ ನಿಮ್ಮ ಕಾಕಾನ ಗೊಬ್ಬರದ ಅಂಗಡಿಗೆ ಹೋಗಿ ಯೂರಿಯಾ ಚೀಲದ ಮುಂದ ಕುಂಡ್ರು. ಎಷ್ಟು ಬೇಕಾದ್ರೂ ಮಾತಾಡು, ಚೀಲ ಎದ್ದು ಹೋಗಂಗಿಲ್ಲ."

ಗೊಬ್ಬರದ ವಾಸನಿಗೆ ನನಗ ಸೀನು ಬರ್ತಾವ್ರಿ. ಸುರು ಆದ್ರ ನಿಲ್ಲಂಗಿಲ್ಲ. ಸೈಕಲ್ ಅಂದ್ರ ಜೀವ. ಅದಕ್ಕ ಜೀವಾ ಬಿಟ್ಟು ಮಾರಾಕ ನಿಂತೆ. ಜೀವಾ ಹೋತು, ಸೈಕಲ್ ಹೋಗಲಿಲ್ಲ.

ಎಲ್ಲಾ ಕಳುವಾಗ್ಯಾವೇನು?

ಮೊದಲನೇ ತಪ್ಪು ನಂದಲ್ಲ, ನಮ್ಮ ಭಾಷಾದ್ದು. ನಮ್ಮ ಕಡಿ ಹಿರೇರು ಬೈಕಿಗೆ "ಸೈಕಲ್ ಮೋಟಾರ್" ಅಂತಾರ. ನಾ ಹುಮ್ಮಸ್ಸಿನಾಗ ಅಂಗಡಿ ಬೋರ್ಡಿನ ಮ್ಯಾಲ ಬಣ್ಣದಾಗ ದೊಡ್ಡದಾಗಿ ಬರದೆ: "ಹೊಸ ಸೈಕಲ್, ಮೋಟಾರ್ ಸಹಿತ, ಕಡಿಮಿ ರೇಟು." ಅಲ್ಪವಿರಾಮ ಯಾರು ಓದ್ತಾರ್ರಿ?

ಕೊಂಕಲ್ ಕಡಿಂದ ಒಬ್ಬ ರೈತ ಕಾಕಾ ಬಂದ. ಹೆಗಲ ಮ್ಯಾಲಿನ ಟವೆಲ್ ಝಾಡಿಸಿ ಸೈಕಲ್ ಸುತ್ತ ಒಂದು ಸುತ್ತು ಹಾಕಿದ.

"ತಮ್ಮಾ, ಪೆಟ್ರೋಲ್ ಟಾಕಿ ಎಲ್ಲದ?"

"ಟಾಕಿ ಇಲ್ರಿ ಕಾಕಾ!"

"ಕಿಕ್?"

"ಕಿಕ್ಕೂ ಇಲ್ರಿ!"

"ಸೈಲೆನ್ಸರ್?"

"ಸಪ್ಪಳಾನ ಇಲ್ರಿ ಕಾಕಾ!" ನಾ ಖುಷೀಲೆ ಕುಣೀಲಾಕ ಒಂದು ಕಡಿಮಿ.

ಕಾಕಾ ನನ್ನ ಹೆಗಲ ಮ್ಯಾಲ ಕೈ ಇಟ್ಟು ಮೆಲ್ಲಕ ಕೇಳಿದ, "ಎಲ್ಲಾ ಕಳುವಾಗ್ಯಾವೇನೋ?"

ಹಿಂದಿನ ಗಾಲಿ ನಡುವ ಮೋಟಾರ್ ತೋರಿಸಿದೆ. "ಎಷ್ಟು ಎಚ್‌ಪಿ?" ಅಂದ. ಮೋಟಾರ್ ಅಂದ್ರ ಅವಗ ಹೊಲದ ನೀರಿಂದ. ಎಚ್‌ಪಿ ಲೆಕ್ಕ ಇಲ್ರಿ, ವ್ಯಾಟ್ ಲೆಕ್ಕ, ವ್ಯಾಟ್ ಅಂದ್ರ ಏನಂದ್ರ ಅಂತ ನಾ ಸುರು ಮಾಡೂದ್ರಾಗ, "ನೀರು ಎತ್ತತದೇನು?" ಅಂದ. "ಇಲ್ರಿ, ಮನಷ್ಯಾನ್ನ ಎಳೀತದ್ರಿ." ಕಾಕಾ ಹೊಳ್ಳಿ ಮಾಮಾನ ಕಡಿ ನೋಡಿ ಅಂದ, "ಸೈಕಲ್ ಮೋಟಾರ್ ಅಂತ ಬರದು ಸೈಕಲ್ ತೋರಸ್ತಾನಲ್ರೀ ನಿಮ್ಮ ಅಳಿಯಾ! ನಾಳಿ ಟ್ರ್ಯಾಕ್ಟರ್ ಅಂತ ಬರದು ಎತ್ತು ತೋರಸ್ತಾನ, ಕಟ್ಟಿ ಹಾಕ್ರಿ."

ಡೈನಮೋ

ಇನ್ನ ಬಂದವ್ರೆಲ್ಲಾ ಒಂದ ಪ್ರಶ್ನೆ ಕೇಳ್ತಿದ್ರು. "ತುಳದ್ರ ತಾನ ಚಾರ್ಜ್ ಆಗ್ತದಲ್ಲಾ? ಮೊದಲಿನ ಸೈಕಲ್ ಡೈನಮೋ ಇದ್ದಂಗ?" ತುಳದ್ರ ಲೈಟ್ ಹತ್ತತಿತ್ತಲ್ಲ, ಅದು ಎಲ್ಲಾರ ತಲ್ಯಾಗ ಕುಂತುಬಿಟ್ಟದ. ನಮ್ಮ ಮಾಮಾನ ತಲ್ಯಾಗ ಸುದ್ದಾ.

ಇಲ್ರಿ, ಇದಕ್ಕ ಚಾರ್ಜರ್ ಹಚ್ಚಬೇಕು, ಮೊಬೈಲಿಗೆ ಹಚ್ಚಿದಂಗ, ಯಾಕ ತಾನ ಆಗಂಗಿಲ್ಲ ಅಂದ್ರ ಶಕ್ತಿ ಅನ್ನೋದು ಸುಮ್ಸುಮ್ಕ ಹುಟ್ಟಂಗಿಲ್ರಿ, ನೀವು ರೊಟ್ಟಿ ತಿಂತೀರಿ, ರೊಟ್ಟಿ ಕಾಲಿಗೆ ಬರ್ತದ, ಕಾಲಿಂದ ಪೆಡಲಿಗೆ, ಪೆಡಲಿಂದ ಚೈನಿಗೆ, ಅಂತ ನಾ ರೊಟ್ಟಿಯಿಂದ ಹೊಂಟು ಬ್ಯಾಟರಿ ಮುಟ್ಟೂದ್ರಾಗ ಗಿರಾಕಿ ಎದುರಿನ ಕಬ್ಬಿನ ಹಾಲಿನ ಗಾಡಿ ಮುಟ್ಟಿರ್ತಿದ್ದ.

ಮಾಮ ಅಂತಿದ್ದ, "ಗಿರಾಕಿ ಓಡಸೂದ್ರಾಗ ನಿನ್ನಷ್ಟು ಪಿಕಪ್ ಯಾವ ಗಾಡಿಗೂ ಇಲ್ಲ."

ಅದನ್ನ ತೆಗದು ಕೊಡ್ರಿ

ನಾರಾಯಣಪುರ ಡ್ಯಾಮಿನ ಕ್ವಾರ್ಟರ್ಸಿನಿಂದ ಗಂಡ ಹೆಂಡ್ತಿ ಬಂದ್ರು. ಸಾಹೇಬ್ರ ಹೊಟ್ಟಿ ಮೊದಲು ಒಳಗ ಬಂತು, ಆಮ್ಯಾಲ ಸಾಹೇಬ್ರು. ಡಾಕ್ಟರ್ ದಿನಾ ಸೈಕಲ್ ತುಳೀರಿ ಅಂದಾರಂತ.

ಮೇಡಂ ಎಲ್ಲಾ ಕೇಳಿ, ಎಲ್ಲಾ ಮುಟ್ಟಿ ನೋಡಿ ಅಂದ್ರು, "ಸೈಕಲ್ ಚಲೋ ಅದ ತಮ್ಮಾ. ಆದ್ರ ಇವ್ರು ಮೋಟಾರ್ ಸಿಕ್ತಂದ್ರ ಒಂದು ಸಲಾನೂ ತುಳಿಯಂಗಿಲ್ಲ. ಆ ಮೋಟಾರ್ ತೆಗದು ಕೊಡು."

ಒಳಗ ಹೋಗಿ ನೀರು ತಂದೆ. ಮೇಡಂ ನೀರು ಕುಡಿವಾಗ ಸಾಹೇಬ್ರು ನನ್ನನ್ನ ಟೈರಿನ ರಾಶಿ ಹಿಂದ ಎಳಕೊಂಡು ಹೋದ್ರು. "ತಮ್ಮಾ, ಮೋಟಾರ್ ಇರ್ಲಿ. ಆ ಪೆಡಲ್ ತೆಗದು ಕೊಡ್ತೀಯೇನು? ಕಾಲು ಇಟ್ಟುಕೊಳ್ಳಾಕ ಏನರ ಪಟ್ಟಿ ಹಾಕಿ ಕೊಡು. ಆಕಿಗೆ ಹೇಳಬ್ಯಾಡ."

ನಾ ನಡುವ ನಿಂತೆ. ಇತ್ಲಾಗ ಮೋಟಾರ್ ಬ್ಯಾಡ, ಅತ್ಲಾಗ ಪೆಡಲ್ ಬ್ಯಾಡ. ಮೇಡಂ, ನೋಡ್ರಿ, ಇದರಾಗ ಐದು ಹಂತ ಅದಾವ, ಮೊದಲನೇ ಹಂತದಾಗ ಸ್ವಲ್ಪ ಕೈ ಹಿಡೀತದ, ಎರಡನೇದ್ರಾಗ ಇನ್ನಾ ಸ್ವಲ್ಪ ಅಂತ ಇಬ್ಬರಿಗೂ ತಿಳಿಸಿ ಹೇಳಾಕ ಹೋದೆ. ಹೇಳೂ ಭರದಾಗ ಪೆಡಲಿನ ಮಾತೂ ಬಾಯಿಂದ ಬಿದ್ದುಹೋತು. ಅಲ್ಲೇ ಅಂಗಡಿಯಾಗ ಸುರು ಆತು ನೋಡ್ರಿ. ಲಗ್ನ ಆದಾಗಿಂದ ಸಾಹೇಬ್ರು ಏನೇನು ತುಳಿದಿಲ್ಲ ಅನ್ನೋದೆಲ್ಲಾ ಹೊರಗ ಬಂತು.

ಮಾಮ ತಲಿ ಎತ್ತದ ಟ್ಯೂಬಿಗೆ ಪ್ಯಾಚ್ ಹಚ್ಚಕೋತ ಅಂದ, "ಎರಡೂ ತೆಗದು ಕೊಟ್ಟುಬಿಡೋ ಅಳಿಯಾ. ದೂಡಕೋತ ಹೋಗ್ಲಿ, ಇಬ್ಬರಿಗೂ ವ್ಯಾಯಾಮ ಆಗ್ತದ."

ಮಿರ್ಚಿ

ಸುರಪುರದ ಸಾವಕಾರ್ರೊಬ್ಬರು, ಜೋಳದ ವ್ಯಾಪಾರದವ್ರು, ಟ್ರಯಲ್ ಕೇಳಿದ್ರು. "ಒಂದ ಸುತ್ತು ನೋಡಿ ಬರ್ತೇನಿ ತಮ್ಮಾ." ಮುಂಜಾನಿ ಹೋದವ್ರು ಊಟದ ಹೊತ್ತಾದ್ರೂ ಬರವಲ್ಲರು. ನನಗ ಒಂದ ಸಮನ ಸೀನು ಬರಾಕತ್ತವು. ಇನ್ನಾ ಯಾದಗಿರಿಗೆ ಹೋಗೇ ಇಲ್ಲ, ಸೀನು ಮೊದಲ ಬಂದುಬಿಟ್ಟಾವ.

ಬಂದ್ರು. ಬ್ಯಾಟರಿ ಪೂರ್ತಿ ಖಾಲಿ. ಮಾರಿ ಮ್ಯಾಲ ಎಂಥಾ ಸಮಾಧಾನ ಅಂತೀರಿ!

"ಹೆಂಗದ್ರಿ ಸಾವಕಾರ್ರ?"

"ಫಸ್ಟ್ ಕ್ಲಾಸ್! ಬಸ್ ಸ್ಟ್ಯಾಂಡ್ ಮುಂದ ಮಿರ್ಚಿ ಭಜಿ ತಿಂದೆ. ಅಲ್ಲಿಂದ ಸರ್ರ್ ಅಂತ ಹೋಗಿ ಹಳೇ ಪ್ಯಾಟಿಯಾಗ ಮಂಡಾಳ ಒಗ್ಗರಣಿ ತಿಂದೆ. ದಣಿವ ಇಲ್ಲ! ಅದಕ್ಕ ಮತ್ತ ಹೊಳ್ಳಿ ಬಂದು ಮಿರ್ಚಿ ತಿಂದೆ."

"ಹಂಗಾರ ಪ್ಯಾಕ್ ಮಾಡ್ಲೇನ್ರಿ?"

ಸಾವಕಾರ್ರು ಹ್ಯಾಂಡಲ್ ಸವರಿ, ಮಗಳನ್ನ ಗಂಡನ ಮನಿಗೆ ಕಳಸವ್ರಂಗ ನಿಟ್ಟುಸಿರು ಬಿಟ್ರು. "ಬ್ಯಾಡ ತಮ್ಮಾ. ನಡಕೊಂಡು ಹೋಗಾಕ ಬ್ಯಾಸರಾಗಿ ದಿನಾ ಒಂದ ಅಂಗಡಿಯಾಗ ತಿಂತಿದ್ದೆ. ಇದು ಮನಿಗೆ ಬಂದ್ರ ನಾ ಉಳಿಯಂಗಿಲ್ಲ."

ಎಲ್ಲಾ ತಿಳದವ್ರು

ಯಾದಗಿರಿಯಿಂದ ಕಾಲೇಜಿನ ಮೇಡಂ ಒಬ್ಬರು ಬಂದಾಗ ನನಗ ಕಣ್ಣಾಗ ನೀರ ಬಂದುವು. ಯಾಕಂದ್ರ ಅವ್ರಿಗೆ ಎಲ್ಲಾ ಗೊತ್ತಿತ್ತು! ಬ್ಯಾಟರಿ ಬಿಚ್ಚಿ ಮನಿಯೊಳಗ ಒಯ್ದು ಚಾರ್ಜ್ ಮಾಡಬಹುದೇನು, ಎರಡೂ ಕಡಿ ಡಿಸ್ಕ್ ಬ್ರೇಕ್ ಅದಾವೇನು, ಕಂಪನಿ ಹೇಳಿದಷ್ಟು ದೂರ ಖರೇವಂದ್ರೂ ಹೋಗ್ತದೋ ಇಲ್ಲ ಸಪಾಟ ರಸ್ತಾದಾಗ ತೆಳ್ಳಗಿನ ಮನಷ್ಯಾ ಕುಂತ್ರ ಅಷ್ಟ ಹೋಗ್ತದೋ, ಸೀಟು ನಮ್ಮ ಎತ್ತರಕ್ಕ ಇಳೀತದೇನು, ಬ್ಯಾಟರಿ ಹೋದ್ರ ಹೊಸಾದು ಸಿಗ್ತದೇನು.

ಎಂಥಾ ಪ್ರಶ್ನೆ! ನನ್ನ ಜೀವನದಾಗ ಯಾರೂ ನನಗ ಅಷ್ಟು ಚಂದ ಪ್ರಶ್ನೆ ಕೇಳಿದ್ದಿಲ್ಲ. ಅವ್ರು ಕೇಳಿದ್ರು, ನಾ ಹೇಳಿದೆ. ಅವ್ರು ಬರಕೊಂಡ್ರು, ನಾ ಮತ್ತ ಹೇಳಿದೆ. ಮೂರು ಸಲ ಬಂದ್ರು. ಮಾಮ ಸುದ್ದಾ ಅವ್ರಿಗೆ ಚಾ ತರಿಸಿದ! ಮಾಮ ಚಾ ತರಿಸಿದ ಅಂದ್ರ ಗಿರಾಕಿ ಗ್ಯಾರಂಟಿ.

ನಾಕನೇ ಸಲ ಬಂದಾಗ ಆಟೋದಾಗ ಬಂದ್ರು. ಹಿಂದ ದೊಡ್ಡದೊಂದು ರಟ್ಟಿನ ಡಬ್ಬಿ.

"ತಮ್ಮಾ, ನೀ ಹೇಳಿದ್ದೆಲ್ಲಾ ಇರೋದ ನೋಡಿ ಆನ್‌ಲೈನ್‌ದಾಗ ತರಿಸೇನಿ. ನಿನ್ನಷ್ಟು ತಿಳದವ್ರು ಈ ಜಿಲ್ಲಾದಾಗ ಇಲ್ಲ. ಸ್ವಲ್ಪ ಜೋಡಿಸಿ ಕೊಡ್ತೀಯೇನು?"

ಜೋಡಿಸಿ ಕೊಟ್ಟೆ. ಗಾಳೀನೂ ಹೊಡದೆ. ಮಾಮ ಚಾದ ಗಿಲಾಸು ಎಣಿಸಾಕತ್ತಿದ್ದ.

ಮೂಕ

ದೀಪಾವಳಿ ಬಂದುಬಿಡ್ತು. ಹಬ್ಬದ ಸಂತಿ ದಿನ ಅಂಗಡಿ ಮುಂದ ನಿಂತು ಮುಂಜಾನಿಂದ ಸಂಜಿತನಕ ಒದರಿದೆ. ಬರ್ರಿ, ನೋಡ್ರಿ, ತುಳೀರಿ! ಮಂದಿ ಬಂದ್ರು, ನೋಡಿದ್ರು, ಬಾಜೂ ಅಂಗಡಿಯಾಗ ಪಟಾಕಿ ತೊಗೊಂಡ್ರು. ಮರುದಿನ ಎದ್ರ ಗಂಟಲು ಬಂದ್. ಬಾಯಿ ತೆರದ್ರ ಪಂಕ್ಚರ್ ಆದ ಟ್ಯೂಬಿನಂಗ ಹುಸ್ಸ್ ಅಂತ ಗಾಳಿ ಅಷ್ಟ ಬರ್ತದ. ಮಾಮ ನನ್ನ ಬಟ್ಟಿ ಚೀಲ ತಂದು ಬಾಗಿಲ ಹಂತ್ಯಾಕ ಇಟ್ಟ. ಮಧ್ಯಾಹ್ನದ ಬಸ್ಸಿಗೆ ಯಾದಗಿರಿ.

ಆವಾಗ ಬಂದ್ರು, ದೋರನಹಳ್ಳಿಯ ರಿಟೈರ್ಡ್ ವಿಜ್ಞಾನ ಮಾಸ್ತರು. ಮೈ ತುಂಬ ಶುಗರ್, ಮುಂದ ಹೊಟ್ಟಿ. ನೋಡಿದ ಕೂಡ್ಲೆ ಕೇಳಿದ್ರು, "ಏನ್ರಿ ಇದು?"

ನಾ ಬಾಯಿ ತೆರದೆ. ಹುಸ್ಸ್.

ಮಾಮಾಗ ಏನೂ ಗೊತ್ತಿಲ್ಲ. ವ್ಯಾಟ್ ಗೊತ್ತಿಲ್ಲ, ಹಂತ ಗೊತ್ತಿಲ್ಲ. ಬೀಡಿ ಆರಿಸಿ ಒಂದ ಮಾತು ಅಂದ, "ತುಳದ್ರ ಸೈಕಲ್, ದಣದ್ರ ಗಾಡಿ."

"ಚಲೋ ಅದ," ಅಂದ್ರು ಮಾಸ್ತರು. ಅಷ್ಟ! ನಾ ಮೂರು ತಿಂಗಳು ಒದರಿದ್ದು ಆ ನಾಕು ಶಬ್ದದಾಗ ಮುಗದುಹೋತು!

"ತುಳದ್ರ ಡೈನಮೋದಂಗ ಚಾರ್ಜ್ ಆಗ್ತದಲ್ರೀ?"

"ಹಂಗ ಇರಬೇಕ್ರಿ," ಅಂದ ಮಾಮ.

ನಾ ನಡುವ ಜಿಗದೆ. ಕೈ ಬೀಸಿದೆ, ತಲಿ ಅಲ್ಲಾಡಿಸಿದೆ, ಹಲಗಿ ಮ್ಯಾಲಿನ ಚಾರ್ಜರ್ ಡಬ್ಬಿ ತೋರಿಸಿ ಕುಣದೆ. ಮಾಸ್ತರ ಕಣ್ಣು ತುಂಬಿ ಬಂದುವು. "ಪಾಪ, ಹುಟ್ಟಿದಾಗಿಂದ ಮಾತಿಲ್ಲೇನ್ರಿ ಹುಡುಗಗ?"

ಮಾಮ ಅಂದ, "ಹುಟ್ಟಿದಾಗಿಂದ ಇವತ್ತೊಂದ ದಿನ ಇಲ್ರಿ."

ಮಾಸ್ತರ ಕಿವಿ ಸ್ವಲ್ಪ ಮಂದ. ಅವ್ರಿಗೆ "ಹುಟ್ಟಿದಾಗಿಂದ ಇಲ್ರಿ" ಅಷ್ಟ ಕೇಳಿಸಿತು. ಚೌಕಾಶಿ ಸುದ್ದಾ ಮಾಡಲಿಲ್ಲ. ನನ್ನ ತಲಿ ಸವರಿ, ಸೈಕಲ್ ಹತ್ತಿ ಹೋದ್ರು. ಸಂತ್ಯಾಗ ಮೋಟಾರ್ ತಿರುಗಿಸಿ ತೋರಿಸಿ ತೋರಿಸಿ ಬ್ಯಾಟರಿ ಖಾಲಿ, ಚಾರ್ಜರ್ ನಮ್ಮ ಹಲಗಿ ಮ್ಯಾಲ.

ನನ್ನ ಬಟ್ಟಿ ಚೀಲ ಒಳಗ ಹೋತು, ಆದ್ರ ನಿದ್ದಿ ಹೋತು. ಮಾಸ್ತರು ಇವತ್ತು ಬರ್ತಾರ, ನಾಳಿ ಬರ್ತಾರ, ಸೈಕಲ್ ನಮ್ಮ ಮಾರಿಗೆ ಒಗದು ಹೋಗ್ತಾರ! ಗಂಟಲು ಬಂದ ಮ್ಯಾಲ ಚಾರ್ಜರ್ ಹಿಡಕೊಂಡು ದೋರನಹಳ್ಳಿಗೆ ಹೋದೆ. ರಿಟೈರ್ಡ್ ಮಾಸ್ತರ ಮನಿ ಯಾವುದ್ರಿ ಅಂದ್ರ, ಓಣಿಗೆ ಇಬ್ಬರು ಅದಾರ, ನಿನಗ ಯಾವ್ರು ಬೇಕು ಅಂದ್ರು. ಮಾಮ ಅವ್ರ ಹೆಸರ ಕೇಳಿಟ್ಟಿಲ್ಲಲ್ರೀ! ಹೊಳ್ಳಿ ಬಂದೆ.

ಎಳ್ಳ ಅಮಾಸಿ ಆದ ಮ್ಯಾಲ ಒಂದಿನ ಅಂಗಡಿ ಮುಂದ ಅದ ಸೈಕಲ್ ಬಂದು ನಿಂತಿತು. ಇಳದವ್ರು ಯಾರು ಅಂತ ಗುರ್ತ ಸಿಗಲಿಲ್ಲ. ಮಾಸ್ತರು ಅರ್ಧ ಆಗಿದ್ರು! ಪ್ಯಾಂಟ್ ಬೆಲ್ಟಿನ ಪುಣ್ಯಾದ ಮ್ಯಾಲ ನಿಂತಿತ್ತು. ಕೈಯಾಗ ಪೇಡೆದ ಡಬ್ಬಿ, ಹಿಂದ ಆಟೋದಾಗ ಇಬ್ಬರು ಗೆಳ್ಯಾರು, ಅವ್ರಿಗೂ ಹೊಟ್ಟಿ.

"ಏನ್ ಸೈಕಲ್ರೀ ಇದು!" ಅಂದ್ರು ಮಾಸ್ತರು. "ಮೊದಮೊದಲು ಭಾಳ ಭಾರ. ಇರಲಿ, ಕರೆಂಟ್ ಹುಟ್ಟಬೇಕಾದ್ರ ಶಕ್ತಿ ಬೇಕಲ್ಲ, ಸಾಲಿಯಾಗ ನಾನ ಕಲಿಸೇನಿ ಅಂತ ತುಳದೆ. ತುಳದಷ್ಟೂ ಹಗುರಾತು. ಶುಗರ್ ಇಳದು, ಡಾಕ್ಟರ್ ಗಾಬರಿ ಆಗ್ಯಾರ. ಇಷ್ಟು ದಿನ ಆದ್ರೂ ಒಂದು ರೂಪಾಯಿ ಕರೆಂಟ್ ಸುಟ್ಟಿಲ್ಲ! ಇವ್ರಿಬ್ಬರಿಗೂ ಇಂಥಾದ ಬೇಕ್ರಿ. ಚಾರ್ಜ್ ಮಾಡೂದು ಬ್ಯಾಡಾದಂಥಾದು."

ಚಾರ್ಜ್ ಬ್ಯಾಡಾದಂಥಾ ಕರೆಂಟಿನ ಸೈಕಲ್! ಇಂಥಾದು ಜಗತ್ತಿನಾಗ ಯಾರೂ ಮಾಡಿಲ್ಲ, ನಮ್ಮ ಮಾಮ ಮಾರ್ಯಾನ! ನಾ ಮಾಮಾನ ಮಾರಿ ನೋಡಿದೆ. ಮಾಮ ನನ್ನ ಮಾರಿ ನೋಡಿ, ನಾ ಬಾಯಿ ತೆರಿಯೂದ್ರಾಗ ಒಂದು ಪೇಡೆ ತುರುಕಿದ. ನುಂಗಿದೆ. ಇನ್ನೊಂದು ತುರುಕಿದ. ಅದನ್ನೂ ನುಂಗಿದೆ. ಡಬ್ಬಿ ಅರ್ಧ ಆತು, ನನ್ನ ಹೊಟ್ಟಿಯಾಗಿನ ಮಾತು ಮಾತ್ರ ಇಳೀಲಿಲ್ಲ.

"ಸಽಽಽರ!" ಅಂತ ಒದರೇಬಿಟ್ಟೆ. "ಅದು ಡೈನಮೋ ಅಲ್ರೀ ಸರ! ನಿಮ್ಮ ಬ್ಯಾಟರಿ ಅವತ್ತಿಂದ ಸತ್ತು ಕುಂತದ್ರಿ! ನಿಮ್ಮ ಚಾರ್ಜರ್ ನಮ್ಮ ಹಲಗಿ ಮ್ಯಾಲ ಅದರೀ!"

ಮಾಸ್ತರ ಕೈಯಾಗಿನ ಪೇಡೆ ಕೆಳಗ ಬಿತ್ತು. ನಾ ಹೇಳಿದ್ದು ಒಂದೂ ಅವ್ರ ಕಿವಿಗೆ ಹೋಗಿರಲಿಲ್ಲ. ಎರಡೂ ಕೈ ಎತ್ತಿ ಮುಗದ್ರು.

"ಯಪ್ಪಾ ಶಿವನ! ಮೂಕ ಮಾತಾಡಿದ್ನಲ್ರೀ! ಹುಟ್ಟಿದಾಗಿಂದ ಇಲ್ಲದ್ದು ಹೆಂಗ ಬಂತ್ರಿ?"

ಮಾಮ ಹಲಗಿ ಮ್ಯಾಲಿನ ಚಾರ್ಜರ್ ಡಬ್ಬಿ ಒಮ್ಮಿ ನೋಡಿದ, ನನ್ನ ಒಮ್ಮಿ ನೋಡಿದ.

"ಚಾರ್ಜಿಗೆ ಹಚ್ಚಿದ್ವಿರಿ ಸರ," ಅಂದ. "ಈಗ ಬಂದ್ ಮಾಡೂ ಬಟನ್ ಸಿಗವಲ್ತು."