ಬಚ್ಚಲು ಸೇರಿದ ಶಿಲ್ಪವನ್ನು ವಾಪಸು ಒಯ್ಯದಿರುವಂತೆ ಕೋರಿ

ಪ್ರಾಚೀನ ಹಾಗೂ ಸಮಕಾಲೀನ ಶಿಲ್ಪಗಳನ್ನು ಮನೆ ಬಾಗಿಲಿಗೇ ತಂದು, ಪೀಠ ಸಮೇತ ನಿಲ್ಲಿಸಿ ಹೋಗುವ ಸಂಸ್ಥೆಯ ಮುಖ್ಯ ವ್ಯವಸ್ಥಾಪಕರಾದ ಮಾನ್ಯರೇ,

ತಮಗೂ, ತಮ್ಮ ಶಿಲ್ಪ ಸಲಹೆಗಾರರಿಗೂ, ತಮ್ಮ ಗೋದಾಮಿನಲ್ಲಿ ತಲೆಯಿದ್ದೂ ಇಲ್ಲದೆಯೂ ನಿಂತಿರುವ ಸಮಸ್ತ ಮೂರ್ತಿಗಳಿಗೂ ನನ್ನ ನಮಸ್ಕಾರಗಳು.

ಮುಂದಿನ ಮಾತನ್ನು ಬರೆಯದೇ ಬಿಡುವುದರಲ್ಲಿದ್ದೆ. ಮೊದಲ ಮೂರು ಕರಡುಗಳಲ್ಲಿ ಬಿಟ್ಟೂ ಇದ್ದೆ. ನಮ್ಮ ಹಜಾರದ ಪೀಠದ ಮೇಲೆ ಹತ್ತೊಂಬತ್ತು ದಿನ ಇದ್ದ ವಸ್ತುವಿನ ಮುಂದೆ ನಿಂತು ನಾನು ಎರಡು ಸಲ ಕಣ್ಣೊರೆಸಿಕೊಂಡಿದ್ದೇನೆ. ಅದು ನಮ್ಮದೇ ಬಚ್ಚಲಿನ ಹಳೇ ಪೈಪು ಎಂದು ತಿಳಿದ ಮೇಲೆ, ಆ ಕಣ್ಣೀರು ಯಾರಿಗೆ ಸಲ್ಲಬೇಕೋ ತೋಚದೆ, ಸುಮ್ಮನೆ ಮುಚ್ಚಿಹಾಕೋಣ ಎಂದುಕೊಂಡೆ. ಆದರೆ ಮನವಿ ಮಾಡುವವಳೇ ತನ್ನ ಪಾಲಿನ ಪೆದ್ದುತನವನ್ನು ಬಚ್ಚಿಟ್ಟರೆ ಆ ಮನವಿಗೆ ನಿಲ್ಲಲು ಕಾಲೆಲ್ಲಿ?

ತಮ್ಮ ನೋಟೀಸು ತಲುಪಿದೆ. ‘ಹರಿವಿನ ನಿರಾಕರಣೆ’ ಎಂಬ ಅಮೂಲ್ಯ ಕೃತಿಯ ಘನತೆಗೆ ನಮ್ಮ ಕುಟುಂಬ ಧಕ್ಕೆ ತಂದಿರುವುದರಿಂದ ಇದೇ ಮೂವತ್ತರಂದು ತಮ್ಮ ಸಿಬ್ಬಂದಿ ಬಂದು ಅದನ್ನು ಬಿಡಿಸಿಕೊಂಡು ಹೋಗುವರೆಂದು ತಿಳಿಸಿದ್ದೀರಿ. ಓದಿ ತಲೆತಗ್ಗಿಸಿದೆ. ತಲೆ ತಗ್ಗಿದಾಗ ಕಣ್ಣಿಗೆ ಬಿದ್ದದ್ದು ಬಚ್ಚಲಿನ ಒಣಗಿದ ನೆಲ, ಹೀಗಾಗಿ ಈ ಪತ್ರ.

ನಡೆದದ್ದು ಇಷ್ಟು. ಹಜಾರವನ್ನು ಹಳತು ಹೊಸತು ಶಿಲ್ಪಗಳಿಂದ ಅಲಂಕರಿಸಬೇಕೆಂಬ ಆಸೆ ನನ್ನದೇ, ಯಾರೂ ನನ್ನ ಕೈ ಹಿಡಿದು ಎಳೆದಿರಲಿಲ್ಲ. ತಾವು ಮೊದಲು ಕಳಿಸಿದ, ತಲೆಯೂ ತೋಳೂ ಇಲ್ಲದ ಕಲ್ಲಿನ ಪುರುಷ ಕಿಟಕಿಯ ಪಕ್ಕ ನಿಂತ. ಅವನೆದುರಿಗೆ ತಮ್ಮ ಸಮಕಾಲೀನ ಕಲಾವಿದರ ಕಂಚಿನ ಕೃತಿ ಬರಬೇಕಿತ್ತು; ಅದರ ಪೀಠ ಮಾತ್ರ ಒಂದು ದಿನ ಮುಂಚೆ ಬಂದು ಖಾಲಿ ಕಾದಿತ್ತು. ಮರುದಿನ ನಾನು ಕಚೇರಿಗೆ ಹೋದಾಗ ಮನೆಯಲ್ಲಿದ್ದವರು ನನ್ನ ಅತ್ತೆ ಮತ್ತು ಬಚ್ಚಲಿನ ಪೈಪು ಬದಲಿಸಲು ಬಂದಿದ್ದ ಪ್ಲಂಬರ್. ಗೋಡೆಯಿಂದ ಕಿತ್ತ ತುಕ್ಕುಹಿಡಿದ ಪೈಪನ್ನು ಆತ ಹಜಾರದ ನೆಲದ ಮೇಲಿಡಲು ಹೋದಾಗ ಅತ್ತೆ, “ಅಯ್ಯೋ, ಕೆಳಗಿಡ್ಬೇಡಪ್ಪಾ! ಕಲೆ ಬಿದ್ರೆ ನನ್ನ ಸೊಸೆ ಬೈಯಲ್ಲ, ಸುಮ್ನೆ ನೋಡ್ತಾಳೆ. ಅದು ಇನ್ನೂ ಕಷ್ಟ” ಎಂದರಂತೆ. ಆತ ಸುತ್ತ ನೋಡಿ ಪೀಠದ ಮೇಲಿಟ್ಟ. ಅಷ್ಟರಲ್ಲಿ ತಮ್ಮವರು ಬಂದು, ಕೃತಿಯನ್ನು ಪೆಟ್ಟಿಗೆಯಿಂದ ಬಿಚ್ಚಿ, ಪೀಠ ಆಗಲೇ ಭರ್ತಿಯಾಗಿರುವುದನ್ನು ಕಂಡು, ಬಚ್ಚಲ ಬಾಗಿಲಿಗೆ ಒರಗಿಸಿ, ಅತ್ತೆಯ ಸಹಿ ಪಡೆದು ಹೊರಟರು. ಅಂಗಡಿಯಿಂದ ಹೊಸ ಪೈಪು ಕಳಿಸುತ್ತೇನೆಂದಿದ್ದ ನನ್ನ ಯಜಮಾನರು ಎಂದಿನಂತೆ ಮರೆತಿದ್ದರು. ಎರಡೂ ತುದಿ ತೆರೆದ, ನಡುವೆ ಎರಡು ಸಲ ಬಾಗಿದ ಕಂಚಿನ ಕೊಳವೆಯನ್ನು ಪ್ಲಂಬರ್ ಎತ್ತಿ ತಿರುಗಿಸಿ ನೋಡಿ, “ನಿಮ್ಮ ಮಗ ಕಂಜೂಸು ಅಂದ್ಕೊಂಡಿದ್ದೆ ಅಮ್ಮಾ, ತಪ್ಪಾಯ್ತು” ಎಂದು, ಗೋಡೆಗೆ ಜೋಡಿಸಿಬಿಟ್ಟ. ಅಳತೆ ಕೂದಲೆಳೆಯಷ್ಟೂ ತಪ್ಪಲಿಲ್ಲವಂತೆ.

ಸಂಜೆ ನಾನು ಬಂದೆ, ಪೀಠದ ಮೇಲಿದ್ದುದನ್ನು ನೋಡಿದೆ, ಅದರ ಮೇಲೆ ಬೆಳಕು ಬೀಳುವಂತೆ ದೀಪ ತಿರುಗಿಸಿದೆ. ನನಗೆ ಅನುಮಾನ ಬರಲಿಲ್ಲವೇ ಎಂದು ತಾವು ಕೇಳಬಹುದು. ಬಂದಿತ್ತು. ಆದರೆ ಆ ಅನುಮಾನ ನನ್ನ ಅಭಿರುಚಿಯ ಮೇಲೆ ಬಂತೇ ಹೊರತು ಪೈಪಿನ ಮೇಲೆ ಬರಲಿಲ್ಲ. ಒಂಬತ್ತನೇ ದಿನ ತಮ್ಮ ಸಲಹೆಗಾರರು ಹೊಸ ಕ್ಯಾಟಲಾಗಿಗೆ ಫೋಟೋ ತೆಗೆಯಲು ಖುದ್ದಾಗಿ ಬಂದರು. ಕಾರ್ಯಾಗಾರದಲ್ಲಿ ಕಂಡದ್ದಕ್ಕಿಂತ ಕೃತಿ ಇಲ್ಲಿ ಹೆಚ್ಚು ತೆರೆದುಕೊಂಡಿದೆ ಎಂದರು. ಎರಡು ಹೆಜ್ಜೆ ಹಿಂದೆ ಸರಿದು, “ಈಗ ನೋಡಿ ಮೇಡಂ, ಹಳತೂ ಹೊಸತೂ ಮಾತಾಡ್ಕೊಳ್ತಾ ಇವೆ” ಎಂದರು. ತಲೆಯಿಲ್ಲದವನು ಒಂದು ಪೈಪಿನೊಡನೆ ಏನು ಮಾತಾಡಿದನೋ, ನಾನಂತೂ ಹೌದೆಂದೆ. ಅದರ ಬಾಯಲ್ಲಿ ಸಿಕ್ಕಿಕೊಂಡಿದ್ದ ಉದ್ದನೆಯ ನರೆಗೂದಲನ್ನು ಅವರು ‘ನೆನಪಿನ ಎಳೆ’ ಎಂದು ಬರೆದುಕೊಳ್ಳುತ್ತಿದ್ದಾಗ, ಅತ್ತೆ ನನ್ನ ಸೆರಗು ಜಗ್ಗಿ, “ಅದು ನನ್ನ ಕೂದ್ಲು ಕಣೇ” ಎಂದು ಪಿಸುಗುಟ್ಟಿದರು. ಅವರಿಗೆ ಕಲೆ ತಿಳಿಯದೆಂದು ನಾನು ಕಣ್ಣಲ್ಲೇ ಸುಮ್ಮನಿರಿಸಿದೆ. ಈ ಇಡೀ ಪ್ರಕರಣದಲ್ಲಿ ನನಗೆ ನಿಜವಾಗಿ ನಾಚಿಕೆಯಾಗುವುದು ಆ ಒಂದು ನೋಟಕ್ಕೆ.

ಈಗ ಬಚ್ಚಲಿನ ವಿಷಯ. ಎಂಟು ತಿಂಗಳು ಅಲ್ಲಿ ನೀರು ಪಾದ ಮುಳುಗುವಷ್ಟು ನಿಲ್ಲುತ್ತಿತ್ತು. ಒಮ್ಮೆ ಅತ್ತೆ ಜಾರಿ ಬಿದ್ದರು. ಅಂದಿನಿಂದ ನಾನು ಕೈ ಹಿಡಿದುಕೊಳ್ಳುತ್ತೇನೆಂದರೆ ಬೇಡ, ಕುರ್ಚಿ ಹಾಕುತ್ತೇನೆಂದರೆ ಬೇಡ. ವಾರಕ್ಕೆರಡು ಸಲ ಊರಿನ ಆ ಕೊನೆಯಲ್ಲಿರುವ ಮಗಳ ಮನೆಗೆ ಹೋಗಿ ಸ್ನಾನ ಮಾಡಿ ಬರುತ್ತಿದ್ದರು. ಕೊನೆಗೆ ಅಲ್ಲೇ ಇದ್ದುಬಿಡುತ್ತೇನೆಂದು ಚೀಲ ಕಟ್ಟಿದರು. “ನನ್ನ ಮೈ ನಾನೇ ತೊಳ್ಕೊಳ್ಳೋ ಮನೇಲಿ ಇರ್ತೀನಿ, ಅಷ್ಟೇ. ಇದ್ರಲ್ಲಿ ಸಿಟ್ಟೇನಿಲ್ಲ” ಎಂದರು. ಇಪ್ಪತ್ತೆರಡು ವರ್ಷ ಒಂದೇ ಅಡುಗೆಮನೆಯಲ್ಲಿ ಒಬ್ಬರ ಮೇಲೊಬ್ಬರು ಗೊಣಗುತ್ತ ಬದುಕಿದವರು ನಾವು. ಹೋಗಬೇಡಿ ಎನ್ನಲು ನನಗೆ ಬಾಯಿ ಬರಲಿಲ್ಲ, ಅವರಿಗೆ ಉಳಿಯಲು ನೆವ ಸಿಗಲಿಲ್ಲ. ಪ್ಲಂಬರ್ ಬಂದುಹೋದ ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಕೂಗು: “ಬಾರೇ ಇಲ್ಲಿ! ನೀರು ಹೋಯ್ತು ಕಣೇ! ಬಾಲ ಸುಟ್ಟ ಬೆಕ್ಕಿನ ಹಾಗೆ ಓಡ್ಹೋಯ್ತು!” ಮಧ್ಯಾಹ್ನ ಚೀಲ ಬಿಚ್ಚಿ ಸೀರೆಗಳನ್ನು ಕಪಾಟಿನಲ್ಲಿಟ್ಟರು.

ಹತ್ತೊಂಬತ್ತನೇ ದಿನ ತಮ್ಮ ಕಲಾವಿದರು ಬಂದು, ಪೀಠದ ಕಡೆ ಬಹಳ ಹೊತ್ತು ನೋಡಿ, ಕೈ ತೊಳೆಯಬೇಕೆಂದರು. ಬಚ್ಚಲಿನ ಮೂಲೆಯಲ್ಲಿ ಅವರಿಗೆ ತಮ್ಮ ಕೃತಿಯ ದರ್ಶನವಾಯಿತು. ಅವರು ನಲ್ಲಿಯನ್ನು ನಾಲ್ಕು ಸಲ ಬಿಟ್ಟು ನಿಲ್ಲಿಸಿ, “ಇದು ನನ್ನದು” ಎಂದು ಹೊರಟರು. ಆಮೇಲೆ ಅತ್ತೆಯಿಂದ ನಡೆದದ್ದೆಲ್ಲ ತಿಳಿದು, ಪೈಪನ್ನು ಪೀಠದಿಂದ ಇಳಿಸಿದೆ. ಮೂರನೇ ದಿನ ನೋಟೀಸು.

ಮಾನ್ಯರೇ, ತಮ್ಮ ಕಲಾವಿದರು ಹರಿವನ್ನು ನಿರಾಕರಿಸುವುದಕ್ಕಾಗಿ ಎರಡು ವರ್ಷ ದುಡಿದು ಮಾಡಿದ ಕೃತಿ, ಇಡೀ ಓಣಿಯಲ್ಲಿ ಇಷ್ಟು ಚೆನ್ನಾಗಿ ನೀರು ಹರಿಯಬಿಡುವ ಏಕೈಕ ವಸ್ತುವಾಗಿರುವುದು ಅವರ ಪ್ರತಿಭೆ ಅವರ ಹಿಡಿತವನ್ನೂ ಮೀರಿದ್ದು ಎಂಬುದಕ್ಕೆ ಸಾಕ್ಷಿಯಲ್ಲವೇ? ಆದ್ದರಿಂದ ನನ್ನ ನಮ್ರ ವಿನಂತಿಗಳನ್ನು ಪರಿಶೀಲಿಸಬೇಕು. ನಮ್ಮ ಬಚ್ಚಲನ್ನು ತಮ್ಮ ಸಂಸ್ಥೆಯ ಶಾಖಾ ಪ್ರದರ್ಶನಾಲಯವೆಂದು ಘೋಷಿಸಿ, ವೀಕ್ಷಣೆಗೆ ಬೆಳಿಗ್ಗೆ ಏಳರಿಂದ ಎಂಟರ ತನಕ, ಅಂದರೆ ಅತ್ತೆಯ ಸ್ನಾನದ ವೇಳೆ, ರಜೆ ಕೊಡಿ. ಅಡುಗೆಮನೆಯ ತೊಟ್ಟಿಗೆ ಇದೇ ಕಲಾವಿದರಿಂದ, ತುಸು ಸಣ್ಣ ವ್ಯಾಸದಲ್ಲಿ, ಇನ್ನೊಂದು ನಿರಾಕರಣೆಯನ್ನು ಮಾಡಿಸಿ. ಮೇಲಿನ ಮನೆಯವರ ನೀರಿನ ಟ್ಯಾಂಕು ಸದಾ ತುಂಬಿ ಸುರಿಯುತ್ತದೆ. ಯಾವುದಾದರೂ ಶತಮಾನದ ಬಿರಡೆ ತಮ್ಮ ಗೋದಾಮಿನಲ್ಲಿದ್ದರೆ ಕಳಿಸಿ. ಹಳೇ ಪೈಪನ್ನು ತಮ್ಮ ಸಂಗ್ರಹಕ್ಕೆ ಸಂತೋಷದಿಂದ ಬಿಟ್ಟುಕೊಡುತ್ತೇನೆ. ತಮ್ಮ ಹೊಸ ಕ್ಯಾಟಲಾಗಿನ ಏಳನೇ ಪುಟದಲ್ಲಿ ಅಚ್ಚಾಗಿರುವುದು ಅದೇ ಆದುದರಿಂದ, ತಮಗೆ ಮರುಮುದ್ರಣದ ತೊಂದರೆಯೂ ತಪ್ಪುತ್ತದೆ. ಕೂದಲು ಮಾತ್ರ ಕೊಡಲಾಗದು, ಅದು ಅತ್ತೆಯದು.

ನೀರು ನಿಲ್ಲದ ಮನೆಯಿಂದ,
ತಮ್ಮ ವಿಶ್ವಾಸಿ,
ತಲೆಯಿಲ್ಲದ ಕಲ್ಲುಪುರುಷನ ಯಜಮಾನಿ

ಮರೆತ ಮಾತು: ನೋಟೀಸು ಬಂದ ದಿನವೇ ಪ್ಲಂಬರನ್ನು ಕರೆಸಿ, ತಮ್ಮ ಕೃತಿಯನ್ನು ಸುತ್ತಲೂ ಸಿಮೆಂಟು ಹಾಕಿ ಗೋಡೆಯಲ್ಲಿ ಭದ್ರಪಡಿಸಿದ್ದೇನೆ. “ಏಳು ದಿನ ಯಾರೂ ಮುಟ್ಬಾರ್ದು ಅಕ್ಕಾ. ಆಮೇಲೆ ಕೀಳ್ಬೇಕಂದ್ರೆ ಕೆಳಗಿನ ಮನೆಯವರ ಗೋಡೆನೂ ಒಡೀಬೇಕಾಗತ್ತೆ” ಎಂದಿದ್ದಾನೆ. ಏಳನೇ ದಿನ ಇಪ್ಪತ್ತೆಂಟಕ್ಕೆ ಬೀಳುತ್ತದೆ. ಅವಸರ ಮಾಡಿ ತಮ್ಮನ್ನು ಗಾಬರಿಪಡಿಸುವುದು ಸೌಜನ್ಯವಲ್ಲವಾದ್ದರಿಂದ, ಈ ಪತ್ರವನ್ನು ಅಂಚೆಗೆ ಹಾಕುವುದು ಇಪ್ಪತ್ತೊಂಬತ್ತರಂದು.