ಹನ್ನೊಂದನೇ ಮನೆಯ ಅನಧಿಕೃತ ಮೊಳೆಯ ಕುರಿತು

ಸೈನಿಕರ ವಸತಿ ಬಡಾವಣೆಯ ಗೋಡೆ, ಬಾಗಿಲು, ನಲ್ಲಿ, ಬಲ್ಬು ಇತ್ಯಾದಿ ಸಮಸ್ತ ಸ್ಥಾವರಗಳ ರಕ್ಷಕರೂ, ಮುಖ ಒಮ್ಮೆಯೂ ಕಾಣದಿದ್ದರೂ ಸಹಿಯಿಂದ ನಮಗೆ ಚಿರಪರಿಚಿತರೂ ಆದ ವಸತಿ ಮೇಲ್ವಿಚಾರಣಾಧಿಕಾರಿಗಳ ಸನ್ನಿಧಿಗೆ,

ಮಾನ್ಯರೇ,

ಸಿ ಸಾಲಿನ ಹನ್ನೊಂದನೇ ಮನೆಯಲ್ಲಿ ಸದ್ಯಕ್ಕೆ ವಾಸವಾಗಿರುವ ನಾನು, ನನ್ನ ಗಂಡ ಮತ್ತು ಹದಿಮೂರು ವರ್ಷದ ಮಗಳು ಕ್ಷೇಮ. ತಾವೂ ತಮ್ಮ ಕಚೇರಿಯ ರಬ್ಬರ್ ಸ್ಟಾಂಪೂ ಕ್ಷೇಮವೆಂದು ನಂಬಿದ್ದೇನೆ. ಸ್ಟಾಂಪಿನ ಆರೋಗ್ಯವಂತೂ ಮೊನ್ನೆ ಬಂದ ನೋಟಿಸಿನ ಮೇಲೆ ಅದು ಬಿದ್ದಿರುವ ರಭಸ ನೋಡಿಯೇ ತಿಳಿಯಿತು. ‘ಚಿಕ್ಕ ಮಲಗುವ ಕೋಣೆಯ ಗೋಡೆಯಲ್ಲಿ ಅನಧಿಕೃತ ಮೊಳೆ ಒಂದು ಕಂಡುಬಂದಿದ್ದು, ಏಳು ದಿನಗಳೊಳಗೆ ಸದರಿ ಮೊಳೆಯನ್ನು ಕಿತ್ತು, ತೂತು ಮುಚ್ಚಿ, ಗೋಡೆಯನ್ನು ಮೂಲಸ್ಥಿತಿಗೆ ತರತಕ್ಕದ್ದು’ ಎಂಬ ತಮ್ಮ ಅಪ್ಪಣೆಯನ್ನು ಮೂರು ಸಲ ಓದಿ, ಅದರಲ್ಲಿ ಒಂದು ಸಲ ಗಟ್ಟಿಯಾಗಿ ಓದಿ, ಉತ್ತರ ಬರೆಯಲು ಕೂತಿದ್ದೇನೆ. ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಖಾಸಗಿಯಾಗಿ ಬರೆದ ನಾಲ್ಕು ಅರ್ಜಿಗಳು, ಅಂದರೆ ಅಡುಗೆಮನೆಯ ನಲ್ಲಿಯ ಬಗ್ಗೆ ಎರಡು ಮತ್ತು ಆ ಎರಡು ಅರ್ಜಿಗಳು ಏನಾದವು ಎಂದು ಕೇಳಿ ಇನ್ನೆರಡು, ತಮ್ಮ ಕಚೇರಿಯಲ್ಲಿ ವಿಶ್ರಾಂತಿ ಪಡೆಯುತ್ತಿವೆ. ಅವುಗಳ ನಿದ್ದೆ ಕೆಡಿಸುವುದು ನನಗೆ ಇಷ್ಟವಿಲ್ಲ.

ಮೊದಲಿಗೆ ಅಭಿನಂದನೆ. ಐದು ತಿಂಗಳಿಂದ ಸೋರುತ್ತಿರುವ ನಲ್ಲಿಯನ್ನು ದಾಟಿ, ಚಿಲಕ ಕೂರದ ಬಚ್ಚಲ ಬಾಗಿಲನ್ನು ದಾಟಿ, ಒಂದು ಕಾಲನ್ನು ಕಳೆದುಕೊಂಡು ಇಟ್ಟಿಗೆಯ ಮೇಲೆ ನಿಂತಿರುವ ಸರ್ಕಾರಿ ಮಂಚವನ್ನೂ ದಾಟಿ ಹೋಗಿ, ಕ್ಯಾಲೆಂಡರಿನ ಹಿಂದೆ ಅಡಗಿದ್ದ ಒಂದಂಗುಲದ ಮೊಳೆಯನ್ನು ಪೆನ್ಸಿಲಿನ ತುದಿಯಿಂದ ಪತ್ತೆ ಹಚ್ಚಿದ ತಮ್ಮ ತಪಾಸಕರನ್ನು ಎಷ್ಟು ಹೊಗಳಿದರೂ ಸಾಲದು. ಇಂಥ ಕಣ್ಣುಳ್ಳವರನ್ನು ಗಡಿಗೆ ಕಳಿಸಿದರೆ ನಮ್ಮವರೆಲ್ಲ ಮನೆಗೆ ಬಂದು ಕಾಲು ಚಾಚಿ ಮಲಗಬಹುದಿತ್ತು.

ನಮ್ಮವರೆಂದೆ. ನನ್ನ ಗಂಡ ಸೈನ್ಯದಲ್ಲಿ ಸೇತುವೆ ಕಟ್ಟುವ ತುಕಡಿಯವರು. ಅವರು ಹೊಳೆಗೆ ಸೇತುವೆ ಹಾಕುತ್ತಾರೆ, ದಾಟಬೇಕಾದವರು ದಾಟುತ್ತಾರೆ, ಮರುದಿನ ಅದನ್ನೇ ಬಿಚ್ಚಿ, ತುಂಡುಗಳಿಗೆ ನಂಬರು ನೋಡಿ ಲಾರಿಗೆ ತುಂಬುತ್ತಾರೆ. ಸಂಸಾರಕ್ಕೂ ಅವರು ಇದೇ ಪದ್ಧತಿ ಕಲಿಸಿದ್ದಾರೆ. ಹದಿನಾಲ್ಕು ವರ್ಷಗಳಲ್ಲಿ ಇದು ನಮ್ಮ ಎಂಟನೇ ಮನೆ. ಬೆಕ್ಕು ತನ್ನ ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಅನ್ನುತ್ತಾರೆ. ಆ ಲೆಕ್ಕದಲ್ಲಿ ತಮ್ಮ ಇಲಾಖೆ ಬೆಕ್ಕನ್ನು ಐದು ತಿಂಗಳ ಹಿಂದೆಯೇ ಸೋಲಿಸಿದೆ. ನಮ್ಮ ಇಪ್ಪತ್ತಾರು ಪೆಟ್ಟಿಗೆಗಳಿಗೂ ನಂಬರುಗಳಿವೆ. ಒಂಬತ್ತನೆಯದರಲ್ಲಿ ಕಿಟಕಿಯ ಪರದೆಗಳು. ಒಂದು ಊರಿನ ಪರದೆ ಇನ್ನೊಂದು ಊರಿನ ಕಿಟಕಿಗೆ ಕೂತ ಉದಾಹರಣೆ ಇಲ್ಲ, ಆದ್ದರಿಂದ ನನ್ನ ಪರದೆಗಳು ಒಂದು ಮನೆಯಲ್ಲಿ ಚಡ್ಡಿ ಹಾಕಿಕೊಂಡಂತೆ ಮೊಣಕಾಲಿಗೇ ನಿಲ್ಲುತ್ತವೆ, ಇನ್ನೊಂದರಲ್ಲಿ ನೆಲ ಗುಡಿಸುತ್ತವೆ.

ಬಡಾವಣೆಯ ಎಲ್ಲ ಮನೆಗಳನ್ನೂ ತಾವು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಿರುವುದರ ಬಗ್ಗೆಯೂ ಎರಡು ಮಾತು ಹೇಳಬೇಕು. ಬಂದ ಮೊದಲ ವಾರ ತರಕಾರಿ ಚೀಲ ಹೊತ್ತು ಬಂದವಳು ಸೀದಾ ಮನೆಯೊಳಗೆ ನಡೆದೆ. ಅದೇ ಬೂದುಬಣ್ಣದ ಬಾಗಿಲು, ಅದೇ ಬಿಚ್ಚದ ಪೆಟ್ಟಿಗೆಗಳು, ಪತ್ರಿಕೆಯ ಕೆಳಗೆ ಅವೇ ಎರಡು ಕಾಲುಗಳು. ಟೀಗೆ ನೀರಿಟ್ಟು, ಬೆಳಗಿನಿಂದ ಒಂದು ಪೆಟ್ಟಿಗೆಯನ್ನಾದರೂ ಸರಿಸಬಾರದಿತ್ತೇ ಎಂದು ಆ ಕಾಲುಗಳನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡೆ. ಪತ್ರಿಕೆ ಮಡಚಿ ಎದ್ದ ಮನುಷ್ಯರು ನಮ್ಮವರಲ್ಲ, ಹನ್ನೆರಡನೇ ಮನೆಯವರು. ಅವರೂ ಅದೇ ವಾರ ವರ್ಗವಾಗಿ ಬಂದವರು. ಪಾಪ, ಮರುಮಾತಿಲ್ಲದೆ ಮೂರು ಪೆಟ್ಟಿಗೆ ಸರಿಸಿದರು. ಒಳಗಿನಿಂದ ಬಂದ ಅವರ ಹೆಂಡತಿ ನನ್ನನ್ನೂ ಒಲೆಯನ್ನೂ ನೋಡಿ, “ಇನ್ನೊಂದ್ ಲೋಟ ನೀರು ಹಾಕ್ಬಿಡಿ, ನಾನೂ ಕುಡೀತೀನಿ” ಅಂದರು. ಅಂದಿನಿಂದ ಅವರು ನನಗೆ ಪಕ್ಕದ್ಮನೆ ಅಕ್ಕ. ಈ ಸ್ನೇಹಕ್ಕೆ ತಮ್ಮ ನಕ್ಷೆಯೇ ಕಾರಣವಾದ್ದರಿಂದ ತಮಗೆ ಋಣಿ.

ಇನ್ನು ಮೊಳೆಗೆ ಬರುತ್ತೇನೆ. ಮೊಳೆಗೆ ಬರಬೇಕಾದರೆ ಮಗಳನ್ನು ಹಾದೇ ಬರಬೇಕು.

ಐದನೇ ಮನೆ ಬಿಡುವಾಗ ಅವಳು ಲಾರಿಯ ಹಿಂದೆ ನಿಂತು ಊರಿಗೇ ಕೇಳುವಂತೆ ಅತ್ತಿದ್ದಳು. ಆರನೇ ಮನೆ ಬಿಟ್ಟ ಮೇಲೆ ಅಲ್ಲಿಯ ಗೆಳತಿಗೆ ವಾರಕ್ಕೊಂದು ಕಾಗದ ಬರೆದಳು. ನಾಲ್ಕು ತಿಂಗಳು ಉತ್ತರ ಬಂತು, ಆಮೇಲೆ ನಿಂತಿತು. ಏಳನೇ ಮನೆಯನ್ನು ಶಾಲೆಯ ಓಟದ ಪಂದ್ಯಕ್ಕೆ ಆರು ದಿನ ಇರುವಾಗ ಬಿಟ್ಟೆವು. ಅವಳ ಜಾಗದಲ್ಲಿ ಬೇರೆ ಯಾರೋ ಓಡಿದರು. ಎಂಟನೆಯದಕ್ಕೆ ಹೊರಟಾಗ ಅವಳು ಅಳಲಿಲ್ಲ. ಬುದ್ಧಿ ಬಂತು ಅಂದುಕೊಂಡು ನಾನು ಮೂರ್ಖಳಂತೆ ಸಂತೋಷಪಟ್ಟೆ.

ಇಲ್ಲಿಗೆ ಬಂದ ಮೇಲೆ ಅವಳು ಬಟ್ಟೆಗಳನ್ನು ಸೂಟ್‌ಕೇಸಿನಿಂದ ತೆಗೆಯಲೇ ಇಲ್ಲ. ಬೀರು ಖಾಲಿ. ಹಲ್ಲುಜ್ಜಿದ ಮೇಲೆ ಬ್ರಷ್ಷನ್ನು ಒರೆಸಿ ಮತ್ತೆ ಚೀಲಕ್ಕೆ ಹಾಕುವಳು. ಊಟ ಹೇಗಿದೆ ಅಂದರೆ ಪರವಾಗಿಲ್ಲ, ಶಾಲೆ ಹೇಗಿದೆ ಅಂದರೆ ಪರವಾಗಿಲ್ಲ, ಜ್ವರ ಬಂದು ಮೈ ಕೆಂಡವಾಗಿದ್ದಾಗಲೂ ಪರವಾಗಿಲ್ಲ. ಗೆಳತಿಯರು ಸಿಕ್ಕರೇ ಎಂದು ಒಮ್ಮೆ ಕೇಳಿದ್ದಕ್ಕೆ ತಲೆಯೆತ್ತದೆ, “ಎಷ್ಟು ತಿಂಗಳಿಗಮ್ಮಾ?” ಅಂದಳು. ಹದಿಮೂರರ ಹುಡುಗಿ ಹಠ ಮಾಡಬೇಕು, ಬಾಗಿಲು ಧಡಾರನೆ ಹಾಕಿಕೊಳ್ಳಬೇಕು, ತಾಯಿಗೆ ಏನೂ ತಿಳಿಯದು ಅನ್ನಬೇಕು. ನನ್ನ ಮಗಳು ಬಸ್ಸಿಗೆ ಕಾಯುತ್ತಿರುವವಳ ಹಾಗೆ ಮನೆಯಲ್ಲಿ ಕೂತಿರುತ್ತಿದ್ದಳು. ನನಗೆ ನಿಜಕ್ಕೂ ಭಯವಾಯಿತು, ಮಾನ್ಯರೇ. ಪೆಟ್ಟಿಗೆ ಒಡೆದರೆ ರಿಪೇರಿ ಮಾಡಿಸಬಹುದು; ಯಾರೂ ಬೇಡ ಅನ್ನುವುದನ್ನು ಮಗು ಕಲಿತುಬಿಟ್ಟರೆ ಯಾವ ಕಚೇರಿಗೆ ಅರ್ಜಿ ಹಾಕುವುದು?

ಬಡಾವಣೆಯ ಗೇಟಿನಾಚೆ ಒಂದು ಬೇಕರಿ ಇದೆ. ಆ ಬೇಕರಿಯವರ ಮಗಳು ಶಾಲೆಯಲ್ಲಿ ಇವಳ ಬೆಂಚಿನವಳು. ಅವರ ಮನೆಯವರು ಮೂರು ತಲೆಮಾರಿನಿಂದ ಅದೇ ಒಲೆಯ ಮುಂದೆ ನಿಂತವರು. ಊರು ಬಿಡುವುದೆಂದರೆ ಆ ಹುಡುಗಿಗೆ ರೈಲು ನೋಡಲು ನಿಲ್ದಾಣಕ್ಕೆ ಹೋಗಿ ಬರುವುದು. ತಾನು ಯಾವಾಗ ಬೇಕಾದರೂ ಹೊರಟುಹೋಗುವವಳು ಎಂದು ನನ್ನ ಮಗಳು ಮೊದಲ ದಿನವೇ ಎಚ್ಚರಿಸಿದಳಂತೆ. “ಹೋಗೋವಾಗ ಹೋಗು, ಅಲ್ಲೀವರೆಗೂ ಆಡೋಣ ಬಾ” ಎಂದು ಬೇಕರಿ ಹುಡುಗಿ ಇವಳ ಕೈ ಹಿಡಿದು ಎಳೆದಳಂತೆ. ನಾನು ಐದು ತಿಂಗಳು ಯೋಚಿಸಿದರೂ ನನ್ನ ತಲೆಗೆ ಹೊಳೆಯದ ಮಾತು ಇದು.

ಹೋದ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಚಿಕ್ಕ ಕೋಣೆಯಿಂದ ಟಕ್ ಟಕ್ ಎಂದು ಕೇಳಿಸಿತು. ಹೋಗಿ ನೋಡಿದರೆ ಮಗಳು ಪಕ್ಕದ್ಮನೆ ಅಕ್ಕನ ಸುತ್ತಿಗೆ ಇಸಿದುಕೊಂಡು ಸ್ಟೂಲಿನ ಮೇಲೆ ನಿಂತಿದ್ದಾಳೆ, ಬಾಯಲ್ಲಿ ಇನ್ನೊಂದು ಮೊಳೆ, ಹೆಬ್ಬೆರಳಿಗೆ ಪೆಟ್ಟು. ನೇತುಹಾಕಿದ್ದು ಬೇಕರಿಯ ಕ್ಯಾಲೆಂಡರು. ಮರುದಿನ ಅವಳು ಶಾಲೆಗೆ ಹೋದಾಗ ಹಾಳೆ ತಿರುವಿ ನೋಡಿದೆ. ಏಳು ತಿಂಗಳಾಚೆಯ ಒಂದು ತಾರೀಖಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಬೇಕರಿ ಹುಡುಗಿಯ ಹುಟ್ಟುಹಬ್ಬವೆಂದು ಬರೆದಿದ್ದಳು. ನಮ್ಮ ಮನೆಯಲ್ಲಿ ಏಳು ತಿಂಗಳಾಚೆಗೆ ಯಾರೂ ಯಾವತ್ತೂ ಗುರುತು ಹಾಕಿದವರಲ್ಲ. ಆ ಸಂಜೆ ಸೂಟ್‌ಕೇಸು ಖಾಲಿಯಾಯಿತು, ಬೀರು ತುಂಬಿತು, ಪಲ್ಯಕ್ಕೆ ಉಪ್ಪು ಜಾಸ್ತಿಯಾಗಿದೆ ಎಂದು ಅವಳು ನನ್ನ ಜೊತೆ ಜಗಳವಾಡಿದಳು. ಅಷ್ಟು ರುಚಿಯಾದ ಜಗಳವನ್ನು ನಾನು ವರ್ಷದಿಂದ ಕಂಡಿರಲಿಲ್ಲ.

ತಮ್ಮ ನೋಟಿಸನ್ನು ಮೊದಲು ಓದಿದ್ದು ಅವಳೇ. ಓದಿ, ಮಡಚಿ, ಅಪ್ಪನ ಪೆಟ್ಟಿಗೆಯಿಂದ ಇಕ್ಕಳ ತಂದಳು. “ಕಿತ್ಬಿಡ್ತೀನಮ್ಮ, ಪರವಾಗಿಲ್ಲ” ಅಂದಳು. ಮಾನ್ಯರೇ, ತಮ್ಮ ಮೇಲೆ ನನ್ನ ದೂರು ಇಷ್ಟೇ. ಹೋಗಿದ್ದ ಆ ‘ಪರವಾಗಿಲ್ಲ’ವನ್ನು ತಾವು ಸ್ಟಾಂಪು ಹೊಡೆದು ನಮ್ಮ ಮನೆಗೆ ವಾಪಸು ಕಳಿಸಿದಿರಿ.

ಗೋಡೆ ಮೂಲಸ್ಥಿತಿಗೆ ಬರಲೇಬೇಕೆಂದಿದ್ದರೆ ನನ್ನ ವಿನಮ್ರ ಬೇಡಿಕೆಗಳನ್ನೂ ಮನ್ನಿಸಬೇಕು. ಗೋಡೆಯ ಜೊತೆಗೆ ನನ್ನ ಮಗಳನ್ನೂ ಮೂಲಸ್ಥಿತಿಗೆ, ಎಂದರೆ ಐದನೇ ಮನೆಯಲ್ಲಿದ್ದ ಸ್ಥಿತಿಗೆ, ತಂದು ಹಸ್ತಾಂತರಿಸಿ ರಸೀತಿ ಪಡೆಯುವುದು. ಮುಂದಿನ ವರ್ಗಾವಣೆಯಲ್ಲಿ ನಮ್ಮ ಇಪ್ಪತ್ತಾರು ಪೆಟ್ಟಿಗೆಗಳ ಜೊತೆಗೆ ಬೇಕರಿ, ಅದರ ಒಲೆ, ಮೂರು ತಲೆಮಾರು, ಶಾಲೆಯ ಆ ಬೆಂಚು ಮತ್ತು ಹನ್ನೆರಡನೇ ಮನೆಯ ಅಕ್ಕನನ್ನು ಲಾರಿಗೆ ಹತ್ತಿಸಿ ಕಳಿಸುವುದು. ಅದು ಕಷ್ಟವೆನಿಸಿದರೆ ಆ ಹುಟ್ಟುಹಬ್ಬವನ್ನಾದರೂ ಮುಂದಿನ ವಾರಕ್ಕೆ ವರ್ಗ ಮಾಡಿಸುವುದು. ಮನುಷ್ಯರನ್ನೇ ಅಷ್ಟು ಸಲೀಸಾಗಿ ವರ್ಗ ಮಾಡುವ ತಮಗೆ ಒಂದು ತಾರೀಖು ಯಾವ ಲೆಕ್ಕ. ಯಾವುದೂ ಆಗದಿದ್ದರೆ ಗೋಡೆಯನ್ನೇ ನಮಗೆ ಕೊಟ್ಟುಬಿಡಿ. ಇಪ್ಪತ್ತೇಳನೇ ನಂಬರು ಹಚ್ಚಿ ಹೊತ್ತುಕೊಂಡು ಹೋಗುತ್ತೇವೆ.

ಕೊನೆಯದಾಗಿ ತಮ್ಮ ದಾಖಲೆಯಲ್ಲಿ ಒಂದು ತಿದ್ದುಪಡಿ. ನನ್ನ ಗಂಡ ಬರವಣಿಗೆಯಲ್ಲಿ ಬಂದ ಆಜ್ಞೆಯನ್ನು ಈವರೆಗೆ ಮೀರಿದವರಲ್ಲ; ‘ಹುಲ್ಲು ತುಳಿಯಬೇಡಿ’ ಎಂಬ ಫಲಕ ಕಂಡರೆ, ಅಲ್ಲಿ ಹುಲ್ಲೇ ಇಲ್ಲದಿದ್ದರೂ ಸುತ್ತಿ ಬರುವ ಜಾತಿ. ಅವರು ಮಗಳ ಕೈಯಿಂದ ಇಕ್ಕಳ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ನೋಟಿಸು ಓದಿದರು. “ಇನ್ನೂ ಮೊಳೆ ಇದ್ಯಾ?” ಎಂದು ಅವಳನ್ನೇ ಕೇಳಿದರು. ಅವಳ ಶಾಲೆಯ ಚೀಲಕ್ಕೆ ಒಂದು, ನನ್ನ ಕನ್ನಡಿಗೆ ಒಂದು, ಯಾವುದಕ್ಕೂ ಅಲ್ಲದ್ದು ಒಂದು, ಹೀಗೆ ಮೂರು ಹೊಡೆದರು. ಈ ಮೂರನೆಯದು ಯಾಕಪ್ಪಾ ಎಂದು ಮಗಳು ಕೇಳಿದ್ದಕ್ಕೆ, “ಇರ್ಲಿ, ಮುಂದಕ್ಕೆ ಬೇಕಾಗುತ್ತೆ” ಅಂದರು. ಆದ್ದರಿಂದ ನೋಟಿಸಿನಲ್ಲಿ ‘ಒಂದು’ ಎಂದಿರುವಲ್ಲಿ ‘ನಾಲ್ಕು’ ಎಂದು ತಿದ್ದಿಕೊಳ್ಳಬೇಕಾಗಿ ಪ್ರಾರ್ಥನೆ.

ಏಳನೇ ದಿನದವರೆಗೂ, ತಾವು ಇಚ್ಛಿಸಿದರೆ ಆಮೇಲೆಯೂ,
ತಮ್ಮ ವಿಶ್ವಾಸಿ,
ಸಿ ಸಾಲು, ಹನ್ನೊಂದನೇ ಮನೆಯವಳು

ತಾಜಾಕಲಂ: ಸದರಿ ನೋಟಿಸನ್ನು ತಮ್ಮ ತಪಾಸಕರು ನಮ್ಮ ಮುಂಬಾಗಿಲಿಗೆ ಎರಡಂಗುಲದ ಮೊಳೆ ಹೊಡೆದು ತಗುಲಿಸಿ ಹೋಗಿದ್ದರು. ಅದು ಅಧಿಕೃತವೇ ಇರಬೇಕೆಂದು ನಾವು ಕೀಳಲಿಲ್ಲ. ಮಗಳೂ ಬೇಕರಿ ಹುಡುಗಿಯೂ ಸೇರಿ ಅದಕ್ಕೆ ನಮ್ಮ ಮೂವರ ಹೆಸರಿನ ಹಲಗೆಯೊಂದನ್ನು ನೇತುಹಾಕಿದ್ದಾರೆ. ಪರಿಶೀಲನೆಗೆ ಬರುವಾಗ ದಯವಿಟ್ಟು ಮುಟ್ಟಬೇಡಿ, ಬಣ್ಣ ಇನ್ನೂ ಒಣಗಿಲ್ಲ.