ಬದನೆಕಾಯಿ ಪುಡ್ಡಿಂಗಿಗೆ ಸೊನ್ನೆ

ಕಿಕುಯೊ: ಉಗುಳಿದ್ದು ಎಲ್ಲಿಗೆ? ಅದನ್ನ ಮೊದಲು ಹೇಳಿ.

ನಾನು: ಹೇಳಿದ್ನಲ್ಲ, ಬಕೆಟ್ಟಿಗೆ.

ಕಿಕುಯೊ: ಯಾವ ಬಕೆಟ್ಟು?

ನಾನು: ಗಾರೆ ಬಕೆಟ್ಟು.

ಕಿಕುಯೊ: ಅದರಲ್ಲಿ ಗಾರೆ ಇತ್ತಾ?

ನಾನು: ಇತ್ತು. ಆಗತಾನೆ ಕಲಸಿದ್ದು.

ಕಿಕುಯೊ: ಯಾರು ಕಲಸಿದ್ದು?

ನಾನು: ಇಸಾಮು.

ಕಿಕುಯೊ: ಅಂದ್ರೆ ಅವನು ತಂದ ತಿಂಡಿ ಬಾಯಿಗೆ ಹಾಕ್ಕೊಂಡು, ಅವನು ಕಲಸಿದ ಗಾರೆಗೇ ಉಗುಳಿದ್ರಿ.

ನಾನು: ಇನ್ನೊಂದು ಬಕೆಟ್ಟು ದೂರ ಇತ್ತು ಕಣೇ.

ಸೋಮವಾರ ಬೆಳಗ್ಗೆ ಒಂಬತ್ತು ಗಂಟೆ. ಕೆಲಸದ ಹೊತ್ತಿನಲ್ಲಿ ನಾನು ಮನೆಯಲ್ಲಿ ಕೂತು ಹೆಂಡತಿಯಿಂದ ವಿಚಾರಣೆ ಮಾಡಿಸಿಕೊಳ್ಳುತ್ತಿದ್ದೇನೆ. ಹೋದ ಬುಧವಾರ ಮಧ್ಯಾಹ್ನ ಮೂರಕ್ಕೆ ಕರಣೆ ತೊಳೆದು ಚೀಲಕ್ಕೆ ಹಾಕಿಕೊಂಡು ಹೋದ ಇಸಾಮು ಆಮೇಲೆ ಮುಖ ತೋರಿಸಿಲ್ಲ. ಹದಿನೆಂಟು ವರ್ಷದಿಂದ ನಾವಿಬ್ಬರೂ ಜೋಡಿಯಾಗಿ ಗಾರೆ ಕೆಲಸ ಮಾಡುವವರು. ನಾಡಿದ್ದು ಊರಿನ ಸಾರ್ವಜನಿಕ ಸ್ನಾನದ ಮನೆಯ ದೊಡ್ಡ ಗೋಡೆಗೆ ಬಿಳಿ ಸುಣ್ಣದ ಗಾರೆ ಬಳಿಯಬೇಕು. ಅವನು ಆ ತುದಿಯಿಂದ, ನಾನು ಈ ತುದಿಯಿಂದ ಹೊರಟು, ಹಸಿ ಆರುವ ಮೊದಲು ನಡುವೆ ಸೇರಬೇಕು. ಒಬ್ಬನೇ ಬಳಿದರೆ ಅರ್ಧ ಒಣಗಿ ನಡುವೆ ಗೆರೆ ಬೀಳುತ್ತದೆ. ಬಿದ್ದ ಗೆರೆ ಗೋಡೆ ಇರುವವರೆಗೂ ಹೋಗುವುದಿಲ್ಲ, ಊರೆಲ್ಲ ಬತ್ತಲೆ ಕೂತು ಅದನ್ನೇ ನೋಡುತ್ತದೆ.

ಬೇರೆ ಆಳು ಸಿಗುವುದಿಲ್ಲವೆಂದಲ್ಲ. ನನ್ನ ಕೈಗೆ ಹೊಂದುವ ಕೈ ಇನ್ನೊಂದು ಸಿಕ್ಕೀತು. ನನ್ನ ಬಾಯಿಗೆ ಹೊಂದುವ ಕಿವಿ ಈ ಕೈಜುಕಾ ಊರಿನಲ್ಲಿ ಅವನೊಬ್ಬನದೇ.

ಕಿಕುಯೊ: ಉಗುಳಿದ ಮೇಲೆ ಏನಂದ್ರಿ?

ನಾನು: ಸೊನ್ನೆ ಅಂದೆ.

ಈ ಸೊನ್ನೆಯ ವಿಷಯ ಹೇಳಿಬಿಡುತ್ತೇನೆ. ನಮ್ಮ ಕಸುಬಿನಲ್ಲಿ ಬೆಳಗ್ಗೆ ಹತ್ತಕ್ಕೊಂದು ಸಲ, ಮಧ್ಯಾಹ್ನ ಮೂರಕ್ಕೊಂದು ಸಲ ಕರಣೆ ಕೆಳಗಿಟ್ಟು ಟೀ ಕುಡಿಯುತ್ತೇವೆ. ತಿಂಡಿ ತರುವುದು ಒಂದು ದಿನ ಅವನು, ಒಂದು ದಿನ ನಾನು. ತಂದದ್ದಕ್ಕೆ ನೂರಕ್ಕೆ ಇಷ್ಟು ಅಂತ ಅಂಕ ಹಾಕುವವನು ಮಾತ್ರ ದಿನಾ ನಾನೇ. ನಾನು ಓದಿದ್ದು ಒಂಬತ್ತನೇ ಕ್ಲಾಸು. ಅಂಕ ತಗೊಂಡು ಅಭ್ಯಾಸವಿಲ್ಲದವನು ಅಂಕ ಹಾಕುವುದರಲ್ಲಿ ಬಲು ಬಿಗಿ. ಮಂಗಳವಾರ ಬೆಳಗ್ಗೆ ಅಂಗಡಿಗೆ ಹೊಸ ಮಾಲು ಬರುತ್ತದೆ. ಪೊಟ್ಟಣದ ಮೇಲೆ 'ಎರಡೇ ವಾರ ಮಾರಾಟ' ಎಂದು ಬರೆದಿದ್ದರೆ ಸಾಕು, ಗಾಡಿಯಿಂದ ಇಳಿಸುವ ಹೊತ್ತಿಗೇ ನನ್ನ ಕೈ ತಾನಾಗಿ ಅದರ ಮೇಲಿರುತ್ತದೆ. ಸೀಗಡಿ ಸೋಡಾ ಕುಡಿದಿದ್ದೇನೆ. ಸಾಸಿವೆ ಐಸ್‌ಕ್ರೀಮು ತಿಂದು ಅರ್ಧ ಗಂಟೆ ಅತ್ತಿದ್ದೇನೆ. ಇಂಥ ಹಾಳುಮೂಳು ತಿನ್ನಬೇಡಿ ಎಂದು ಕೇರಿಗೆಲ್ಲ ಬುದ್ಧಿ ಹೇಳುವವನೂ ನಾನೇ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಅವತ್ತು ಇಸಾಮು ತಂದದ್ದೂ ಬದನೆಕಾಯಿಯೇ. ನಮ್ಮ ಕಡೆಯ ನೀರುಬದನೆ, ಉಪ್ಪಿನಲ್ಲಿಟ್ಟು ಕೈಯಲ್ಲಿ ಹರಿದು ತಿನ್ನಬೇಕಾದ್ದು. ಅದನ್ನು ಯಾರೋ ಹಾಲು ಸಕ್ಕರೆ ಹಾಕಿ ಪುಡ್ಡಿಂಗು ಮಾಡಿ, ನೇರಳೆ ಬಣ್ಣದ ಕಪ್ಪಿಗೆ ತುಂಬಿದ್ದರು.

ಕಿಕುಯೊ: ಸೊನ್ನೆ ಅಂದು ಸುಮ್ಮನಾದ್ರಾ?

ನಾನು: ಇನ್ನೊಂದು ಮಾತು ಅಂದಿರಬಹುದು.

ಕಿಕುಯೊ: ಏನದು?

ನಾನು: ಇದನ್ನ ಮಾಡಿದೋರಿಗೆ ಅಪ್ಪ ಅಮ್ಮ ಸರಿಯಾಗಿ ಊಟ ಹಾಕಿ ಬೆಳೆಸಿಲ್ಲ ಅಂದೆ.

ಕಿಕುಯೊ ಕಣ್ಣು ಮುಚ್ಚಿಕೊಂಡಳು.

ಕಿಕುಯೊ: ಅದನ್ನ ಮಾಡಿದ್ದು ಚಿಹಾರು.

ನಾನು: ಯಾವ ಚಿಹಾರು?

ಕಿಕುಯೊ: ನಿಮಗೆ ಎಷ್ಟು ಜನ ಚಿಹಾರು ಗೊತ್ತು? ಇಸಾಮು ಮಗಳು. ಮಿಠಾಯಿ ಕಂಪನಿಗೆ ಸೇರಿ ಮೂರು ವರ್ಷ ಆಯ್ತು, ಅವಳು ಕಂಡುಹಿಡಿದದ್ದು ಅಂಗಡಿವರೆಗೂ ಬಂದಿರೋದು ಇದೊಂದೇ. ನಿನ್ನೆ ಅವಳ ಅಮ್ಮ ಸಿಕ್ಕಿದ್ಲು. ಮುಖ ಆ ಕಡೆ ತಿರುಗಿಸ್ಕೊಂಡೇ ಹೇಳಿದ್ಲು.

ನಾನು: ಆ ಮುಠ್ಠಾಳ ಮೊದಲೇ ಹೇಳೋಕೆ ಏನಾಗಿತ್ತು?

ಕಿಕುಯೊ: ಹೇಳಿದ್ರೆ ನೀವು ಮುಖ ನೋಡಿ ತೊಂಬತ್ತು ಅಂತಿದ್ರಿ. ಗೊತ್ತಿಲ್ದೆ ನಿಮ್ಮ ಬಾಯಲ್ಲಿ ಒಂದು ಐವತ್ತು ಬಂದ್ರೆ ಸಾಕು, ಮಗಳಿಗೆ ಫೋನ್ ಮಾಡಿ ಹೇಳ್ತೀನಿ ಅಂತ ಕಾಯ್ತಿದ್ದನಂತೆ.

ನನಗೆ ನನ್ನ ಮೇಲೆ ಕೋಪ ಬಂದರೆ ಪಕ್ಕದಲ್ಲಿರುವವರನ್ನು ಬೈಯುವುದು ರೂಢಿ. ಪಕ್ಕದಲ್ಲಿದ್ದವಳು ಕಿಕುಯೊ. ಅಷ್ಟು ಧೈರ್ಯ ಸಾಲದೆ ಫ್ಯಾನನ್ನು ಬೈದೆ. ಜುಲೈ ತಿಂಗಳ ಸೆಕೆಯಲ್ಲಿ ಗಾಳಿ ಬಿಡದೆ ಏನು ಮಾಡುತ್ತಿದ್ದೀಯ ಎಂದು ಕೇಳಿದೆ. ಅದು ಎಂದಿನಂತೆ ತಲೆ ಆಡಿಸಿತು.

ನಾನು: ಸರಿ. ಹೋಗಿ ತಪ್ಪಾಯ್ತು ಅಂತೀನಿ. ಒಂದು ಸಿಹಿ ಡಬ್ಬಿ ಕಟ್ಟಿಸ್ಕೊಂಡು ಬಾ.

ಕಿಕುಯೊ: ಯಾವ ಸಿಹಿ?

ನಾನು: ಯಾವುದೋ, ಹೆಸರಿರೋ ಅಂಗಡೀದು.

ಕಿಕುಯೊ: ನಿನ್ನ ಮಗಳು ಮಾಡಿದ್ದು ಸೊನ್ನೆ, ತಗೋ, ಬೇರೆಯೋರ ಮಕ್ಕಳು ಮಾಡಿದ್ದು ತಿಂದು ನೋಡು ಅಂತಾನಾ?

ನಾನು: ಹಾಗಾದ್ರೆ ಖಾರದ್ದು.

ಕಿಕುಯೊ: ಸಿಹಿ ಕಂಡ್ರೇ ವಾಕರಿಕೆ ಬರೋ ಹಾಗೆ ಮಾಡಿಬಿಟ್ಟಳು ನಿನ್ನ ಮಗಳು ಅಂತ.

ನಾನು: ಟವೆಲ್ಲು?

ಕಿಕುಯೊ: ಬಾಯಿ ಒರೆಸ್ಕೊಳ್ಳೋಕಾ?

ನಾನು: ಬರಿಗೈಯಲ್ಲೇ ಹೋಗ್ತೀನಿ ಬಿಡು.

ಕಿಕುಯೊ: ತಪ್ಪೊಪ್ಪಿಕೊಳ್ಳೋಕೆ ಬರಿಗೈಯಲ್ಲಿ ಹೋದೋರನ್ನ ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಅದಕ್ಕಿಂತ ಹೋಗದೆ ಇರೋದು ಮೇಲು.

ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ನನ್ನ ತಲೆಗೆ ಉಪಾಯ ಹೊಳೆದಾಗಲೆಲ್ಲ ಕಿಕುಯೊ ಚಪ್ಪಲಿ ಹಾಕಿಕೊಂಡು ಜೊತೆಗೆ ಹೊರಡುತ್ತಾಳೆ.

ನಾನು: ಅದೇ ಪುಡ್ಡಿಂಗು ಮೂರು ಕಪ್ಪು ತಗೊಂಡು ಹೋಗಿ ಅವನ ಕಣ್ಮುಂದೆ ತಿಂತೀನಿ. ತಳ ಕೆರೆದು ತಿಂತೀನಿ.

ಕಿಕುಯೊ: ನುಂಗೋಕಾಗುತ್ತಾ?

ನಾನು: ಗಂಡಸು ಕಣೇ ನಾನು.

ಕಿಕುಯೊ: ಬುಧವಾರಾನೂ ಗಂಡಸೇ ಆಗಿದ್ರಿ.

ಮೂಲೆಯ ಅಂಗಡಿಯಲ್ಲಿ ತೊಕುನಾಗಾ ಇದ್ದಳು. ಅರವತ್ತೆರಡರ ಹೆಂಗಸು. ಅಕ್ಕ ಎಂದು ಕರೆಯದಿದ್ದರೆ ಚಿಲ್ಲರೆಯನ್ನು ಒಂದೊಂದಾಗಿ ಎಣಿಸಿ ಕೊಡುತ್ತಾಳೆ.

ನಾನು: ಅಕ್ಕಾ, ಬದನೆಕಾಯಿ ಪುಡ್ಡಿಂಗು ಇದ್ಯಾ?

ತೊಕುನಾಗಾ: ಇಲ್ಲ ತೆತ್ಸು-ಸಾನ್. ಹತ್ತಕ್ಕೆ ಗಾಡಿ ಬರುತ್ತೆ, ಹನ್ನೆರಡು ಕಪ್ಪು ಇಳಿಸ್ತಾರೆ. ಇಳಿಸಿದ್ದು ನಿಲ್ಲಲ್ಲ.

ನಾನು: ನಿಲ್ಲಲ್ವಾ? ಅಷ್ಟು ಜನ ತಿಂತಾರಾ ಅದನ್ನ?

ತೊಕುನಾಗಾ: ಎಷ್ಟು ಜನಾನೋ ಗೊತ್ತಿಲ್ಲ, ತಗೊಳ್ಳೋದು ಒಬ್ಬರೇ. ದಿನಾ ಹನ್ನೆರಡಕ್ಕೆ ಹನ್ನೆರಡೂ. ಬೇರೆಯೋರು ಕೇಳ್ಕೊಂಡು ಬಂದು ಸಪ್ಪೆ ಮುಖ ಹಾಕ್ಕೊಂಡು ಹೋಗ್ತಾರೆ. ನಾನೇ ಇನ್ನೂ ರುಚಿ ನೋಡಿಲ್ಲ.

ನಾನು: ಯಾರು ಆ ಪುಣ್ಯಾತ್ಮ?

ತೊಕುನಾಗಾ: ಗಿರಾಕಿಗಳ ವಿಷಯ ನಾವು ಹೇಳೋ ಹಾಗಿಲ್ಲ. ಟೋಪಿ, ಮಾಸ್ಕು, ಕಪ್ಪು ಕನ್ನಡಕ, ಐವತ್ತು ದಾಟಿದೋರು, ಎಡಗಾಲು ಸ್ವಲ್ಪ ಎಳೀತಾರೆ, ಉಗುರಲ್ಲಿ ಸುಣ್ಣ ಇರುತ್ತೆ. ಇದಕ್ಕಿಂತ ಜಾಸ್ತಿ ಹೇಳಲ್ಲ.

ಕಿಕುಯೊ ನನ್ನನ್ನು ನೋಡಿದಳು. ನಾನು ಗೋಡೆಯ ಕ್ಯಾಲೆಂಡರನ್ನು ನೋಡಿದೆ. ನಾಳೆ ಮಂಗಳವಾರ. ಎರಡು ವಾರ ಎಂದು ಬರೆದಿದ್ದರೂ ಮೊದಲ ವಾರ ಮಾರಾಟವಾಗದ ಮಾಲಿಗೆ ಎರಡನೇ ವಾರ ಇರುವುದಿಲ್ಲ. ಎತ್ತಿ ಆಚೆ ಇಡುತ್ತಾರೆ. ಮಗಳ ಪುಡ್ಡಿಂಗನ್ನು ಎತ್ತಬಾರದೆಂದು ಅಪ್ಪ ಒಬ್ಬನೇ ಅಂಗಡಿ ಖಾಲಿ ಮಾಡುತ್ತಿದ್ದಾನೆ.

ಗಾಡಿ ಬಂತು. ಕಪ್ಪುಗಳು ಶೆಲ್ಫಿಗೆ ಏರಿದವು. ಕಿಕುಯೊ ತನಗೊಂದು, ಟೀ ಬಿಡುವಿಗೆಂದು ಏಪ್ರನ್ ಬಿಚ್ಚುತ್ತಿದ್ದ ತೊಕುನಾಗಾಗೊಂದು ಎಂದು ಎರಡು ತೆಗೆದುಕೊಂಡು ಕಿಟಕಿ ಹತ್ತಿರದ ಮೇಜಿಗೆ ಹೋದಳು. ನಾನು ಕೈ ಚಾಚುವಷ್ಟರಲ್ಲಿ ಬಾಗಿಲು ಸರಿದು, ಟೋಪಿ, ಮಾಸ್ಕು, ಕಪ್ಪು ಕನ್ನಡಕ ಒಳಗೆ ಬಂದು, ಉಳಿದ ಹತ್ತನ್ನೂ ಬುಟ್ಟಿಗೆ ಹಾಕಿಕೊಂಡಿತು.

ನಾನು: ಇಸಾಮು.

ಇಸಾಮು: ಯಾರು ಬೇಕಾಗಿತ್ತು ತಮಗೆ?

ನಾನು: ಲೋ, ಹದಿನೆಂಟು ವರ್ಷದಿಂದ ಈ ಬೆನ್ನು ನೋಡ್ತಿದ್ದೀನಿ.

ಇಸಾಮು: ತಾವು ಬೇರೆ ಯಾರನ್ನೋ ಹುಡುಕ್ತಿದ್ದೀರಿ. ನಾನು ಈ ಊರಿನೋನಲ್ಲ.

ನಾನು: ಕಿವಿ ಹಿಂದೆ ಗಾರೆ ಮೆತ್ಕೊಂಡಿದೆ.

ಇಸಾಮು: ಸುಳ್ಳು. ಬುಧವಾರದಿಂದ ಕೆಲಸಕ್ಕೇ ಹೋಗಿಲ್ಲ.

ಹೇಳಿದ ಮೇಲೆ ಅವನಿಗೂ ತಿಳಿಯಿತು. ಕನ್ನಡಕ ತೆಗೆದ. ಕಣ್ಣಿನ ಕೆಳಗೆ ಊದಿಕೊಂಡಿತ್ತು. ಆರು ದಿನ ಪುಡ್ಡಿಂಗು ತಿಂದವನ ಮುಖ ಅದು.

ನಾನು ಸೊಂಟ ಬಗ್ಗಿಸಿದೆ. ಅಂಗಡಿಯ ನೆಲ ಕಾಣುವಷ್ಟು ಬಗ್ಗಿಸಿದೆ. ದಾರಿಯುದ್ದಕ್ಕೂ ಕಿಕುಯೊ ಹೇಳಿಕೊಟ್ಟಿದ್ದ ಮಾತು ಬಾಯಿಗೆ ಬರುವ ಮೊದಲು ನನ್ನ ಮಾತೇ ಬಂದುಬಿಟ್ಟಿತು.

ನಾನು: ತಪ್ಪಾಯ್ತು. ಆ ಪುಡ್ಡಿಂಗು ತೊಂಬತ್ತೈದು.

ಇಸಾಮು: ಏನಂದೆ?

ನಾನು: ತೊಂಬತ್ತಾರು.

ಇಸಾಮು: ನಿನ್ನ ಮದುವೆ ಊಟಕ್ಕೆ ಎಷ್ಟು ಹಾಕಿದ್ದೆ?

ನಾನು: ಅರವತ್ತೆರಡು.

ಕಿಟಕಿಯ ಕಡೆಯಿಂದ ಕಿಕುಯೊ ಕೆಮ್ಮಿದಳು.

ಇಸಾಮು: ಇದಕ್ಕೆ ತೊಂಬತ್ತಾರಾ? ನನ್ನನ್ನ ಏನಂದ್ಕೊಂಡಿದ್ದೀಯ? ಅಷ್ಟು ಬೆಣ್ಣೆ ಹಚ್ಚಿಸ್ಕೊಳ್ಳೋನಾ ನಾನು?

ನಾನು: ಸೊನ್ನೆ ಅಂದ್ರೆ ಎದ್ದು ಹೋಗ್ತೀಯ, ತೊಂಬತ್ತಾರು ಅಂದ್ರೆ ಬೈತೀಯ. ಎಷ್ಟು ಬೇಕು ಹೇಳಿಬಿಡು, ಹಾಕ್ತೀನಿ.

ಇಸಾಮು: ಸೊನ್ನೆ ಅಂದಿದ್ದಕ್ಕೆ ಎದ್ದು ಹೋದೆ ಅಂತ ಯಾರು ಹೇಳಿದ್ದು?

ನಾನು: ಮತ್ತೆ ಅಪ್ಪ ಅಮ್ಮ ಊಟ ಹಾಕಿಲ್ಲ ಅಂದಿದ್ದಕ್ಕಾ?

ಇಸಾಮು: ಅದು ನಿಜವೇ. ಅವಳನ್ನ ಸಾಕಿದ್ದು ನಮ್ಮತ್ತೆ.

ನಾನು: ಗಾರೆಗೆ ಉಗುಳಿದ್ದಕ್ಕಾ?

ಇಸಾಮು: ಗಾರೆ ಹೋದ್ರೆ ಇನ್ನೊಂದು ಕಲಸ್ತೀನಿ.

ನಾನು: ಹಾಗಾದ್ರೆ ಯಾಕಪ್ಪಾ ಹೋದೆ? ಬಾಯಿ ಬಿಟ್ಟು ಸಾಯಿ.

ಇಸಾಮು ಬುಟ್ಟಿಯನ್ನು ಕೆಳಗಿಟ್ಟ. ಮಾಸ್ಕನ್ನು ಗದ್ದಕ್ಕೆ ಎಳೆದ.

ಇಸಾಮು: ಆಗ ನನ್ನ ಬಾಯಲ್ಲೂ ಅದೇ ಇತ್ತು. ನಿನ್ನ ಬಾಯಲ್ಲಿದ್ದದ್ದೇ. ನಾನು ಅವಳ ಅಪ್ಪ, ನುಂಗಿದೆ. ನೀನು ಹಾಯಾಗಿ ಉಗುಳಿದೆ. ಉಗುಳಿ, ನಲ್ಲಿ ತಿರುಗಿಸಿ, ಮೂರು ಸಲ ಬಾಯಿ ಮುಕ್ಕಳಿಸಿದೆ. ಆ ಮುಕ್ಕಳಿಸೋದು ನೋಡಿ ಹೊಟ್ಟೆ ಉರಿದು ಹೋಯ್ತು ಕಣೋ.

ನಾನು: ನಿನಗೂ ಸೊನ್ನೇನಾ?

ಇಸಾಮು: ಮನೆ ಫ್ರಿಜ್ಜಲ್ಲಿ ಐವತ್ತಿದೆ. ನಮ್ಮೋಳು ಉಪ್ಪಿನಕಾಯಿ ಎಲ್ಲ ಆಚೆ ಇಟ್ಟಿದ್ದಾಳೆ. ಬೆಳಗ್ಗೆ ಎರಡು, ರಾತ್ರಿ ಎರಡು. ಇನ್ನು ನನ್ನ ಕೈಲಿ ಆಗಲ್ಲ.

ಹೀಗೆ ಹೇಳಿ ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ನಾನು ಅವನ ಭುಜಕ್ಕೆ ಕೈ ಹಾಕುವುದರಲ್ಲಿದ್ದೆ. ಅಷ್ಟರಲ್ಲಿ ಕಿಟಕಿ ಕಡೆಯಿಂದ ಚಮಚ ಕಪ್ಪಿನ ತಳ ಕೆರೆಯುವ ಸದ್ದು ಕೇಳಿಸಿತು.

ಕಿಕುಯೊ: ಇದು ಚೆನ್ನಾಗಿದೆಯಲ್ರೀ.

ನಾನು: ಸುಮ್ನಿರು, ಅವನ ಎದುರಿಗೆ ನಾಟಕ ಬೇಡ. ಎಲ್ಲ ಒಪ್ಪಿಕೊಂಡಾಯ್ತು.

ಕಿಕುಯೊ: ಎಂಥ ನಾಟಕ? ಅಕ್ಕಾ, ನೀವು ಹೇಳಿ.

ತೊಕುನಾಗಾ: ಮೊದಲು ಉಪ್ಪು ಸಿಗುತ್ತೆ, ಆಮೇಲೆ ನಿಧಾನಕ್ಕೆ ಸಿಹಿ ಬರುತ್ತೆ. ನಮ್ಮಮ್ಮ ಉಪ್ಪಿಗೆ ಹಾಕ್ತಿದ್ದ ಬದನೆ ನೆನಪಾಯ್ತು ನನಗೆ. ಇನ್ನೊಂದು ಕೊಡಿ.

ಇಸಾಮು: ನಿಜವಾಗ್ಲೂ?

ತೊಕುನಾಗಾ: ಈ ವಯಸ್ಸಲ್ಲಿ ನಿಮ್ಮನ್ನ ಮೆಚ್ಚಿಸಿ ನನಗೇನಾಗಬೇಕು? ದಿನಾ ಏಳೆಂಟು ಹೆಂಗಸರು ಇದಕ್ಕೇ ಬಂದು ವಾಪಸ್ ಹೋಗ್ತಾರೆ ಅಂದ್ನಲ್ಲ. ಮುಖ ಮುಚ್ಕೊಂಡಿರೋ ಯಾರೋ ಹೊತ್ಕೊಂಡು ಹೋದ ಅಂತ ಹೇಳಿ ಹೇಳಿ ನನಗೆ ಸಾಕಾಯ್ತು. ನಿನ್ನೆ ಒಬ್ಬಾಕೆ ನಿಮಗೆ ಶಾಪ ಹಾಕಿ ಹೋದ್ಲು.

ಆರು ದಿನದಿಂದ ಮಗಳ ಗಿರಾಕಿಗಳನ್ನು ಓಡಿಸಿದ್ದು ತಾನೇ ಎಂದು ಇಸಾಮುಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಬುಟ್ಟಿಯಿಂದ ಒಂದೊಂದೇ ಕಪ್ಪು ತೆಗೆದು ಶೆಲ್ಫಿಗೆ ಜೋಡಿಸತೊಡಗಿದ. ಬುಟ್ಟಿ ಖಾಲಿಯಾಗುವ ಮೊದಲೇ ಎರಡು ಕೈ ಅವನ ಭುಜದ ಮೇಲಿಂದ ಬಂದು ಎರಡನ್ನು ಎತ್ತಿಕೊಂಡವು. ಎರಡೂ ಆಗಷ್ಟೇ ಒಳಗೆ ಬಂದ ಗಿರಾಕಿ ಹೆಂಗಸರ ಕೈ.

ಕಿಕುಯೊ: ಫ್ರಿಜ್ಜಲ್ಲಿ ಐವತ್ತು ಅಂದ್ರಲ್ಲ ಇಸಾಮು-ಸಾನ್, ಸಂಜೆ ಚೀಲ ತಗೊಂಡು ನಿಮ್ಮ ಮನೆಗೆ ಬರ್ತೀನಿ. ಕೇರಿಯೋರೆಲ್ಲ ಹಂಚ್ಕೊಳ್ತೀವಿ.

ನಾನು: ಹಾಗಾದ್ರೆ ನನ್ನ ಸೊನ್ನೆ?

ಕಿಕುಯೊ: ನಿಮ್ಮನ್ನ ಕೇಳಿದ್ದು ಯಾರು? ನಲವತ್ತು ವರ್ಷ ಸಿಗರೇಟು, ಬಾಯಿ ತುಂಬ ಸುಣ್ಣದ ಧೂಳು. ಆ ನಾಲಿಗೆಗೆ ಬದನೆಕಾಯಿ ಯಾವುದು, ಬಕೆಟ್ಟು ಯಾವುದು?

ಹದಿನೆಂಟು ವರ್ಷ ನಾನು ಹಾಕಿದ ಅಂಕಗಳೆಲ್ಲ ಒಂದೇ ಮಾತಿಗೆ ಬಿದ್ದುಹೋದವು. ಆದರೂ ಮನಸ್ಸು ತಡೆಯದೆ ಒಂದು ಕಪ್ಪು ಕೊಂಡು ಇಸಾಮು ಜೊತೆ ಅಂಗಡಿಯ ಆಚೆ, ನೆರಳಿಗೆ ಬಂದೆ. ಒಂದು ಚಮಚ ನಾನು, ಒಂದು ಚಮಚ ಅವನು. ಇಬ್ಬರೂ ನುಂಗಿದೆವು.

ಇಸಾಮು: ನಿಜ ಹೇಳು.

ನಾನು: ಈಗಲೂ ಸೊನ್ನೆ.

ಇಸಾಮು: ನನಗೂ.

ಅವನ ಮುಖದಲ್ಲಿ ಬುಧವಾರದಿಂದ ಕಾಣದ ನೆಮ್ಮದಿ ಕಂಡಿತು. ಕನ್ನಡಕವನ್ನು ಮಡಿಸಿ ಜೇಬಿಗೆ ಹಾಕಿಕೊಂಡ.

ಇಸಾಮು: ನಾಡಿದ್ದು ಏಳಕ್ಕಾ?

ನಾನು: ಆರೂವರೆಗೆ ಬಾ. ಗೋಡೆ ದೊಡ್ಡದು.

ಇಸಾಮು: ಬರ್ತೀನಿ. ಆದ್ರೆ ಒಂದು ಷರತ್ತು. ಅಕ್ಟೋಬರಿಗೆ ಚಿಹಾರುದು ಇನ್ನೊಂದು ಬರುತ್ತಂತೆ. ಒಣಮೀನಿನ ಕೇಕು.

ನಾನು: ಗೊತ್ತಾಯ್ತು ಬಿಡು. ಬಾಯಿ ಹೊಲ್ಕೊಂಡಿರ್ತೀನಿ. ಒಂದು ಮಾತು ಆಡಲ್ಲ, ಒಂದು ಅಂಕ ಹಾಕಲ್ಲ, ನನ್ನಾಣೆ.

ಇಸಾಮು: ಅದಲ್ಲ. ಈ ಸಲ ಉಗುಳೋನು ನಾನು. ನೀನು ನುಂಗು.